ಒಬ್ಬರೇ ಪಾಲಕರು, ಮೂರು ಕಡೆ ಆರಾಧನೆ: ಸಭೆಯನ್ನು ನಡೆಸುವುದು ಹೇಗೆ?

ಪ್ರಶ್ನೆ: ಮುಂಬಯಿಯ ನಮ್ಮ ಕನ್ನಡ ಕ್ರೈಸ್ತ ಸಭೆ ಮೊದಲು ಒಂದೇ ಕಡೆ ಸೇರುತ್ತಿತ್ತು. ಮನೆ ಬಾಡಿಗೆ ಏರಿದಂತೆ ಕುಟುಂಬಗಳು ದೂರ ದೂರ ಹೋದವು. ಈಗ ಡೊಂಬಿವಲಿ, ನೆರೂಲ್, ಮೀರಾ ರೋಡ್ ಹೀಗೆ ಮೂರು ಕಡೆ ಆರಾಧನೆ ನಡೆಯುತ್ತದೆ. ಪಾಲಕರು (ಪಾಸ್ಟರ್) ಒಬ್ಬರೇ. ಒಂದೇ ಸಭೆಯಾಗಿ ಉಳಿಯಲು ಸಾಧ್ಯವೇ? ಇದನ್ನು ಮುನ್ನಡೆಸುವುದು ಹೇಗೆ?

ಉತ್ತರ: ಸಾಧ್ಯ. ಆದರೆ ಒಂದೇ ಭಾನುವಾರ ಪಾಲಕರನ್ನು ಮೂರೂ ಕಡೆಗೆ ಓಡಿಸುವುದನ್ನು ಮೊದಲು ನಿಲ್ಲಿಸಬೇಕು. ಸಭೆಯ ಹಿರಿಯರಲ್ಲಿ ಒಬ್ಬನಾಗಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಒಂದು ಜೂನ್ ತಿಂಗಳ ಭಾನುವಾರ ನೆನಪಾಗುತ್ತದೆ.

ಆಗ ನಮ್ಮ ಸಭೆಯೂ ಇದೇ ಮೂರು ಕಡೆ ಸೇರುತ್ತಿತ್ತು, ನಾವೂ ಹಾಗೆಯೇ ಮಾಡುತ್ತಿದ್ದೆವು. ಬೆಳಿಗ್ಗೆ ಎಂಟಕ್ಕೆ ಡೊಂಬಿವಲಿ, ಹನ್ನೊಂದಕ್ಕೆ ನೆರೂಲ್, ಸಂಜೆ ಐದಕ್ಕೆ ಮೀರಾ ರೋಡ್. ಈ ಊರಿನಲ್ಲಿ ಭಾನುವಾರವೆಂದರೆ ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ದಿನವೂ ಹೌದು. ಅಂದು ಠಾಣೆಯಿಂದ ನೆರೂಲಿಗೆ ರೈಲಿಲ್ಲ, ಮೇಲಿಂದ ಮಳೆ. ನೆರೂಲಿನ ಬಾಡಿಗೆ ಹಾಲ್‌ನಲ್ಲಿ ನಲವತ್ತು ಜನ ಹಾಡಿದ್ದನ್ನೇ ಹಾಡುತ್ತ ಕುಳಿತಿದ್ದೆವು. ಹನ್ನೆರಡು ಗಂಟೆಗೆ ಹಾಲ್ ಬಿಟ್ಟುಕೊಡಬೇಕು. ಹನ್ನೊಂದೂ ಮುಕ್ಕಾಲಿಗೆ ನಿವೃತ್ತ ಶಿಕ್ಷಕಿಯೊಬ್ಬರು ಎದ್ದರು. ದಾರ ಕಟ್ಟಿದ ಕನ್ನಡಕವನ್ನು ಮೂಗಿಗೇರಿಸಿ, ಸತ್ಯವೇದದಲ್ಲಿ ಮಡಚಿಟ್ಟಿದ್ದ ಕ್ಯಾಲೆಂಡರ್ ಹಾಳೆಯನ್ನು ಬಿಡಿಸಿದರು. ಅದರ ಹಿಂಬದಿಯಲ್ಲಿ ಇಪ್ಪತ್ತಮೂರನೆಯ ಕೀರ್ತನೆಯ ಮೇಲೆ ಅವರು ತಮಗಾಗಿ ಬರೆದುಕೊಂಡಿದ್ದ ಟಿಪ್ಪಣಿಗಳಿದ್ದವು. ಹತ್ತು ನಿಮಿಷ ಮಾತಾಡಿದರು. ಆ ವಾರ ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗನಿಗೆ ಕೆಲಸ ಹೋಗಿದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಹೆಸರು ಹಿಡಿದು ಪ್ರಾರ್ಥಿಸಿದರು. ಪಾಲಕರು ನೆನೆದು ತೊಪ್ಪೆಯಾಗಿ ಬರುವಷ್ಟರಲ್ಲಿ ಆಶೀರ್ವಾದವೂ ಮುಗಿದಿತ್ತು. ಇಂಥವರನ್ನು ಕೇಳುಗರ ಸಾಲಿನಲ್ಲಿ ಕೂರಿಸಿ ನಾವು ರೈಲು ಕಾಯುತ್ತಿದ್ದೆವಲ್ಲ ಎಂದು ಅಂದು ನನಗೆ ನಿಜಕ್ಕೂ ನೋವಾಯಿತು.

ಇದು ಹೊಸ ಸಮಸ್ಯೆಯಲ್ಲ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಹೇಳಿದ ಮಾತು ಬೈಬಲಿನ ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ: ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು. ಅಪೊಸ್ತಲ ಪೌಲನೂ ತನ್ನ ಜೊತೆಗಾರ ತೀತನನ್ನು ಕ್ರೇತ ದ್ವೀಪದಲ್ಲಿ ಬಿಟ್ಟುಬಂದದ್ದು ಪಟ್ಟಣ ಪಟ್ಟಣದಲ್ಲಿ ಹಿರಿಯರನ್ನು ನೇಮಿಸುವುದಕ್ಕಾಗಿ. 1742ರಲ್ಲಿ ಬ್ರಿಸ್ಟಲ್‌ನ ಮೆಥೊಡಿಸ್ಟರು ತಮ್ಮ ಮಂದಿರದ ಸಾಲ ತೀರಿಸಲು ಸುಮಾರು ಹನ್ನೆರಡು ಜನಕ್ಕೆ ಒಬ್ಬರಂತೆ ಆಯ್ದು, ವಾರಕ್ಕೊಂದು ಪೆನ್ನಿ ಕೂಡಿಸಲು ಮನೆಗಳಿಗೆ ಕಳುಹಿಸಿದರು. ಹಣಕ್ಕೆಂದು ಹೋದವರ ಕಣ್ಣಿಗೆ ಮನೆಗಳ ಸುಖದುಃಖ ಬಿತ್ತು. ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ ಆ ವ್ಯವಸ್ಥೆಯನ್ನೇ ಜನರ ಆತ್ಮಿಕ ಪಾಲನೆಗೆ ತಿರುಗಿಸಿಕೊಂಡರು. 1870ರ ದಶಕದ ಆರಂಭದಲ್ಲಿ ಅಮೆರಿಕದ ಮೆಥೊಡಿಸ್ಟ್ ಬೋಧಕ ವಿಲಿಯಂ ಟೇಲರ್ ಮುಂಬಯಿಗೆ ಬಂದಾಗಲೂ ಮೊದಲು ಶುರುವಾದದ್ದು ಮನೆಗಳಲ್ಲಿ ಸೇರುವ ಇಂಥ ಸಣ್ಣ ಗುಂಪುಗಳೇ, ಮೆಥೊಡಿಸ್ಟರ ಮಾತಿನಲ್ಲಿ ಕ್ಲಾಸ್‌ಗಳೇ.

ಹಾಗಾಗಿ ಪ್ರತಿ ಜಾಗಕ್ಕೂ ಇಬ್ಬರು ಅಥವಾ ಮೂವರು ಹಿರಿಯರನ್ನು ಆರಿಸಿ. ಅವರು ಅದೇ ಬಡಾವಣೆಯವರಾಗಿರಬೇಕು. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯಿಂದ ಫೋನ್ ಬಂದರೆ ಆಟೋ ಹತ್ತಿ ಹೋಗಬಲ್ಲವರು ಬೇಕು. ಚೆನ್ನಾಗಿ ಮಾತಾಡುವವರನ್ನು ಹುಡುಕುವ ಮುನ್ನ ಮನೆಗಳಿಗೆ ಹೋಗಿಬರುವವರನ್ನು ಹುಡುಕಿ. ಪಾಲಕರು ಒಂದು ಭಾನುವಾರವನ್ನು ಪೂರ್ತಿಯಾಗಿ ಒಂದೇ ಕಡೆ ಕಳೆಯಲಿ: ಆರಾಧನೆ, ಆಮೇಲೆ ಯಾರದಾದರೂ ಮನೆಯಲ್ಲಿ ಊಟ, ಮಧ್ಯಾಹ್ನ ಮನೆಭೇಟಿ. ಮುಂದಿನ ವಾರ ಇನ್ನೊಂದು ಕಡೆ. ಮೂರು ವಾರಕ್ಕೊಮ್ಮೆ ಇಡೀ ದಿನ ಸಿಗುವ ಪಾಲಕರು, ಪ್ರತಿ ವಾರ ಒಂದು ಗಂಟೆ ಕಾಣಿಸಿ ಮಾಯವಾಗುವವರಿಗಿಂತ ಜನರಿಗೆ ಹೆಚ್ಚು ಹತ್ತಿರವಾಗುತ್ತಾರೆ. ಪ್ರಭು ಭೋಜನವನ್ನು (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ದೀಕ್ಷೆ ಪಡೆದ ಪಾಲಕರೇ ನಡೆಸಬೇಕೆಂಬ ಪರಂಪರೆ ನಿಮ್ಮದಾಗಿದ್ದರೆ ಅದನ್ನೂ ಈ ಸರದಿಗೇ ಹೊಂದಿಸಿಕೊಳ್ಳಬಹುದು. ಮದುವೆಯ ವಿಷಯದಲ್ಲಿ ಮಾತ್ರ ಎಚ್ಚರ: 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಅಧಿಕಾರವಿಲ್ಲದವರು ಮದುವೆ ನಡೆಸುವಂತಿಲ್ಲ. ಸ್ಥಳೀಯ ಹಿರಿಯರು ಎಷ್ಟೇ ಯೋಗ್ಯರಾದರೂ ಆ ಕೆಲಸಕ್ಕೆ ಪಾಲಕರೇ ಬರಲಿ.

ಪಾಲಕರಿಲ್ಲದ ಕಡೆ ಪ್ರಸಂಗ, ಅಂದರೆ ವಾಕ್ಯದ ಬೋಧನೆ, ಯಾರು ಮಾಡಬೇಕು? ಒಂದು ಕಡೆಯ ಪ್ರಸಂಗವನ್ನು ಮೊಬೈಲ್ ಮೂಲಕ ಉಳಿದ ಕಡೆಯ ಪರದೆಗೆ ಹರಿಸಿದರಾಯಿತು ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪರದೆಯ ಮೇಲಿನ ಪಾಲಕರಿಗೆ ಎರಡನೆಯ ಸಾಲಿನಲ್ಲಿ ಅಳುತ್ತಿರುವ ಹೆಂಗಸು ಕಾಣುವುದಿಲ್ಲ. ಗುರುವಾರ ಸಂಜೆ ಮೂರೂ ಕಡೆಯ ಬೋಧಕರು ಪಾಲಕರ ಜೊತೆ ಕುಳಿತು ಮುಂದಿನ ಭಾನುವಾರದ ವಾಕ್ಯಭಾಗವನ್ನು ಒಟ್ಟಿಗೆ ಓದಲಿ, ಅರ್ಥವನ್ನು ಚರ್ಚಿಸಲಿ. ವಾಕ್ಯ ಒಂದೇ, ಹೇಳುವ ಬಾಯಿ ಬೇರೆ. ಕೊಲೊಸ್ಸೆಯವರು ತಮಗೆ ಬಂದ ಪತ್ರವನ್ನು ಲವೊದಿಕೀಯದ ಸಭೆಯಲ್ಲೂ ಓದಿಸಬೇಕು, ಅಲ್ಲಿಂದ ಬರುವುದನ್ನು ತಾವೂ ಓದಬೇಕು ಎಂದು ಪೌಲನು ಬರೆದದ್ದು ನೆನಪಿರಲಿ. ಆರಂಭದಲ್ಲಿ ಸ್ಥಳೀಯ ಬೋಧಕರು ತಡವರಿಸುತ್ತಾರೆ. ಸಹಿಸಿಕೊಳ್ಳಿ. ನಮ್ಮಲ್ಲಿ ಒಬ್ಬರಿಗೆ ಒಂದು ವರ್ಷ ಬೇಕಾಯಿತು. ಈಗ ಮಕ್ಕಳೂ ಅವರ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ.

ಕನ್ನಡ ಸಭೆಗಳಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿನ ಮಂಗಳೂರು, ಉಡುಪಿಯ ಕಡೆಯವರು ಹೆಚ್ಚಾಗಿ 1834ರಲ್ಲಿ ಕರಾವಳಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪರಂಪರೆಯವರು. ಜರ್ಮನ್ ಮೂಲದ ರಾಗಗಳಲ್ಲಿ ನಿಧಾನವಾಗಿ, ಗಂಭೀರವಾಗಿ ಹಾಡುತ್ತಾರೆ. ಬೀದರ್, ಕಲಬುರಗಿ ಕಡೆಯ ಮೆಥೊಡಿಸ್ಟರಿಗೆ ಢೋಲಕ್ ಇಲ್ಲದೆ ಹಾಡು ಏರುವುದಿಲ್ಲ. ಜನ ಊರಿನವರ ಹತ್ತಿರವೇ ಮನೆ ಹುಡುಕುವುದರಿಂದ ಒಂದೊಂದು ಜಾಗವೂ ಒಂದೊಂದು ಸೀಮೆಯಾಗಿಬಿಡುತ್ತದೆ. ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಬೋಧಕರ ಹೆಸರಿನಲ್ಲಿ ಕೊರಿಂಥದ ಸಭೆಯಲ್ಲೆದ್ದ ಜಗಳ ಇಲ್ಲಿ ರಾಗದ ಜಗಳವಾಗಿ ಬರುತ್ತದೆ. ಹಾಡುಗಳನ್ನು ಒಂದೇ ಅಚ್ಚಿಗೆ ಹಾಕಲು ಹೋಗಬೇಡಿ. ಎರಡು ತಿಂಗಳಿಗೊಮ್ಮೆ ಒಂದು ಕಡೆಯ ಗಾಯಕವೃಂದ ಇನ್ನೊಂದು ಕಡೆ ಹೋಗಿ ಹಾಡಲಿ, ಒಂದು ಹಾಡನ್ನು ಕಲಿಸಿ ಬರಲಿ. ಬೆಳೆ ಹಬ್ಬಕ್ಕೆ, ಕ್ರಿಸ್ಮಸ್‌ಗೆ ಮೂರೂ ಕಡೆಯವರು ಒಂದೆಡೆ ಸೇರಲಿ.

ಇನ್ನು ಹಣ. ಸಭೆಗಳು ಒಡೆಯುವುದು ಉಪದೇಶದ ಭಿನ್ನಾಭಿಪ್ರಾಯಕ್ಕಿಂತ ಕಾಣಿಕೆಯ ಗುಮಾನಿಯಿಂದಲೇ ಹೆಚ್ಚು ಎಂಬುದು ನನ್ನ ಅನುಭವ. ನಮ್ಮ ಕಾಣಿಕೆಯಿಂದ ಅವರ ಹಾಲ್ ಬಾಡಿಗೆ ಕಟ್ಟುತ್ತಿದ್ದಾರೆ ಎಂಬ ಪಿಸುಮಾತು ಶುರುವಾದರೆ ನಿಲ್ಲಿಸುವುದು ಕಷ್ಟ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ಪೌಲನು ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡನು. ಯಾರೂ ತಪ್ಪು ಹೊರಿಸಬಾರದು ಎಂಬ ಕಾರಣವನ್ನೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಬಿಚ್ಚಿ ಹೇಳಿದ್ದಾನೆ. ಆರಾಧನೆ ಮುಗಿದ ಕೂಡಲೇ, ಅಲ್ಲೇ, ಬೇರೆ ಬೇರೆ ಮನೆಗಳ ಇಬ್ಬರು ಕಾಣಿಕೆ ಎಣಿಸಿ ಪುಸ್ತಕದಲ್ಲಿ ಸಹಿ ಹಾಕಲಿ. ಮೂರೂ ಕಡೆಯ ಜಮಾಖರ್ಚನ್ನು ಪ್ರತಿ ತಿಂಗಳೂ ಮೂರೂ ಕಡೆ ಓದಿ ಹೇಳಲಿ. ಒಂದು ಪಾಲು ಆಯಾ ಜಾಗದಲ್ಲೇ ಉಳಿಯಲಿ. ಔಷಧಿಗೆ, ಶಾಲೆಯ ಶುಲ್ಕಕ್ಕೆ ಕೊಡಲು ಸ್ಥಳೀಯ ಹಿರಿಯರು ಪಾಲಕರ ಅನುಮತಿಗಾಗಿ ಕಾಯಬೇಕಾಗಬಾರದು. ನಿಮ್ಮದು 1950ರ ಮಹಾರಾಷ್ಟ್ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಯಡಿ ನೋಂದಾಯಿತ ಟ್ರಸ್ಟ್ ಆಗಿದ್ದರೆ ಮೂರೂ ಕಡೆಯ ಲೆಕ್ಕ ಒಂದೇ ಆಡಿಟ್‌ಗೆ ಸೇರಬೇಕು. ಟ್ರಸ್ಟಿಗಳು ಬದಲಾದರೆ 90 ದಿನಗಳೊಳಗೆ ಟ್ರಸ್ಟ್ ನೋಂದಣಿ ನೋಡಿಕೊಳ್ಳುವ ಚಾರಿಟಿ ಕಮಿಷನರ್ ಕಚೇರಿಗೆ ಆ ಬದಲಾವಣೆಯ ವರದಿಯನ್ನು (ಚೇಂಜ್ ರಿಪೋರ್ಟ್) ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಮರೆತು ಕೊನೆಗೆ ವಕೀಲರ ಬಾಗಿಲಿಗೆ ಅಲೆದವರನ್ನು ನೋಡಿದ್ದೇನೆ.

ಒಂದು ಜಾಗದವರು ಬೇರೆ ಸಭೆಯಾಗುತ್ತೇವೆ ಎಂದರೆ? ಅವರಲ್ಲಿ ಜವಾಬ್ದಾರಿ ಹೊರಬಲ್ಲ ಹಿರಿಯರಿದ್ದು, ಬಾಡಿಗೆಯನ್ನೂ ಒಬ್ಬ ಪಾಲಕರ ಸಂಬಳವನ್ನೂ ತಾವೇ ಭರಿಸುವಂತಿದ್ದರೆ ಸಂತೋಷದಿಂದ ಕಳುಹಿಸಿಕೊಡಿ. ಕೋಪದಲ್ಲಿ ಕೇಳುತ್ತಿದ್ದರೆ ಮಾತ್ರ ಆರು ತಿಂಗಳು ತಡೆಯಿರಿ ಎಂದು ಬೇಡಿಕೊಳ್ಳಿ, ಅಷ್ಟರಲ್ಲಿ ಕೋಪದ ಕಾರಣವನ್ನು ಸರಿಪಡಿಸಿ. ನಮ್ಮ ನೆರೂಲಿನವರು ಈಗ ಸ್ವತಂತ್ರ ಸಭೆ. ಹೊರಡುವಾಗ ಹಾರ್ಮೋನಿಯಂ ಮತ್ತು ಮೂವತ್ತು ಹಾಡಿನ ಪುಸ್ತಕಗಳನ್ನು ಅವರಿಗೇ ಕೊಟ್ಟೆವು. ಬೆಳೆ ಹಬ್ಬಕ್ಕೆ ಇಂದಿಗೂ ಅವರು ಡೊಂಬಿವಲಿಗೆ ಬರುತ್ತಾರೆ.