ಪದ ಪರಿಚಯ: ಜುಬ್ಯಾಟ್

“ಇವ್ನೊಳ್ಳೆ ಜುಬ್ಯಾಟ್ ಥರ ಆಡ್ತಾನಲ್ಲ ಗುರು, ಓಡ್ಸಿದ್ರೆ ಮತ್ತೆ ವಕ್ಕರಿಸ್ಕೋತಾನೆ!” ಪೋಕೆಮಾನ್ ಆಡಿ ಬೆಳೆದ ಮೈಸೂರಿನ ಹುಡುಗರ ನಡುವೆ ಇಂಥ ಮಾತು ಬಂದರೆ ಯಾರೂ ಅರ್ಥ ಕೇಳುವುದಿಲ್ಲ. ಆಡದವರಿಗೆ ಮಾತ್ರ ಬಿಡಿಸಿ ಹೇಳಬೇಕಾಗುತ್ತದೆ. ಜುಬ್ಯಾಟ್ ಒಂದು ಪ್ರಾಣಿಯ ಹೆಸರು. ಜೊತೆಗೆ ಅದು ಒಂದು ಬಗೆಯ ಕಾಟದ ಹೆಸರೂ ಹೌದು. ಆ ಕಾಟ ಎಲ್ಲಿಂದ ಬಂತು ಎಂದು ನೋಡಿದರೆ ಬೈಗುಳದಷ್ಟೇ ದೊಡ್ಡದಾಗಿ ಅಕ್ಕರೆಯ ಅರ್ಥವೊಂದು ಈ ಪದದೊಳಗೆ ಸಿಗುತ್ತದೆ.

ಮೊದಲು ಪ್ರಾಣಿ. ಕಾಡುಜೀವಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಪೋಕೆಮಾನ್ ಆಟಗಳ ಸರಣಿ ಜಪಾನಿನಲ್ಲಿ 1996ರಲ್ಲಿ ಶುರುವಾಯಿತು. ಅದರ ಮೊದಲ 151 ಜೀವಿಗಳ ಪಟ್ಟಿಯಲ್ಲಿ 41ನೆಯದು ಜುಬ್ಯಾಟ್. ನೀಲಿ ಮೈ, ನೇರಳೆ ರೆಕ್ಕೆ, ದೊಡ್ಡ ಕಿವಿ, ದಾರದಂಥ ಎರಡು ಕಾಲು. ಮುಖದಲ್ಲಿ ಕಣ್ಣೇ ಇಲ್ಲ. ಬಾಯಿಂದ ಹೊರಡಿಸುವ, ಮನುಷ್ಯರ ಕಿವಿಗೆ ಕೇಳದ ಸದ್ದಿನಿಂದಲೇ ದಾರಿ ಹುಡುಕುತ್ತದೆ. ಕತ್ತಲೆಯಲ್ಲಿ ಗುಂಪುಗುಂಪಾಗಿ ಇರುತ್ತದೆ, ಹಗಲ ಬೆಳಕು ಅದಕ್ಕೆ ಆಗದು. ಎತ್ತರ 0.8 ಮೀಟರ್, ತೂಕ 7.5 ಕಿಲೋ. ಲೆವೆಲ್ 22 ತಲುಪಿದರೆ ಅದು ಬರೀ ಬಾಯಿಯೇ ಮೈಯಾದ ಗೋಲ್‌ಬ್ಯಾಟ್ ಆಗುತ್ತದೆ. ಗೋಲ್‌ಬ್ಯಾಟ್‌ಗೆ ಯಜಮಾನನ ಮೇಲೆ ಪ್ರೀತಿ ಬಲಿತರೆ ನಾಲ್ಕು ರೆಕ್ಕೆಯ ಕ್ರೋಬ್ಯಾಟ್ ಆಗುತ್ತದೆ. ಈ ಮೂರನೆಯ ರೂಪ ಸೇರಿದ್ದು 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ.

ಹೆಸರಿನ ಕೊನೆಯ ‘ಬ್ಯಾಟ್’ ಎಂದರೆ ನಮ್ಮ ಬಾವಲಿಯೇ, ಕ್ರಿಕೆಟ್ಟಿನ ಬ್ಯಾಟಲ್ಲ. ಆದರೆ ಮೈಸೂರು, ಮಂಡ್ಯದ ಕಡೆಯವರು ಬಾವಲಿ ಎಂದೊಡನೆ ನೆನೆಯುವುದು ರಂಗನತಿಟ್ಟಿನಲ್ಲಿ ಹೊಳೆಯ ಮೇಲಿನ ಮರಗಳಿಗೆ ಹಗಲೆಲ್ಲ ತಲೆಕೆಳಗಾಗಿ ಜೋತುಬಿದ್ದಿರುವ ದೊಡ್ಡ ಹಣ್ಣುಬಾವಲಿಗಳನ್ನು. ಜುಬ್ಯಾಟ್ ಆ ಜಾತಿಯದಲ್ಲ. ಹಣ್ಣುಬಾವಲಿಗೆ ದೊಡ್ಡ ಕಣ್ಣುಗಳಿವೆ. ಅದು ನೋಡಿಕೊಂಡೇ, ಮೂಸಿಕೊಂಡೇ ಹಣ್ಣು ಹುಡುಕುತ್ತದೆ, ಸದ್ದಿನ ಪ್ರತಿಧ್ವನಿ ಕೇಳಿ ಹಾರುವುದಿಲ್ಲ. ಜುಬ್ಯಾಟ್‌ಗೆ ಮಾದರಿಯಾದದ್ದು ಪಾಳುಮಂಟಪದ ಸೂರಿನ ಸಂದಿಯಲ್ಲಿ, ಹಳೆ ಗುಡಿಯ ಕತ್ತಲ ಮೂಲೆಯಲ್ಲಿ ಹಿಕ್ಕೆಯ ಘಾಟಿನಿಂದಲೇ ಗೊತ್ತಾಗುವ, ಹುಳುಹುಪ್ಪಟೆ ಹಿಡಿಯುವ ಸಣ್ಣ ಬಾವಲಿ. ಅದಕ್ಕೂ ಕಣ್ಣಿದೆ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಬಾವಲಿಗಳು ಕುರುಡು ಎಂಬ ತಪ್ಪು ತಿಳಿವಳಿಕೆಯನ್ನು ಈ ಪಾತ್ರ ಇನ್ನಷ್ಟು ಗಟ್ಟಿ ಮಾಡಿದೆ. ತೂಕವೂ ಆಟದ್ದೇ ಲೆಕ್ಕ: ರಂಗನತಿಟ್ಟಿನ ದೊಡ್ಡ ಬಾವಲಿಯೇ ಎರಡು ಕಿಲೋ ಮುಟ್ಟುವುದಿಲ್ಲ.

ಇನ್ನು ಕಾಟ. ಸರಣಿಯ ಮೊದಲ ತಲೆಮಾರಿನ ರೆಡ್ ಮತ್ತು ಬ್ಲೂ ಆಟಗಳಲ್ಲಿ ಜಿಮ್ ಎಂಬ ಮೊದಲ ಕಾದಾಟದ ಅಖಾಡ ಗೆದ್ದು ಪ್ಯೂಟರ್ ಸಿಟಿಯಿಂದ ಹೊರಟವರು ಸೆರುಲಿಯನ್ ಸಿಟಿಗೆ ಹೋಗಬೇಕಾದರೆ ಮೌಂಟ್ ಮೂನ್ ಗುಹೆ ದಾಟಲೇಬೇಕು. ಬೇರೆ ದಾರಿಯಿಲ್ಲ. ಅಲ್ಲಿಯವರೆಗೆ ಕಾಡುಜೀವಿ ಎದುರಾಗುತ್ತಿದ್ದುದು ಉದ್ದ ಹುಲ್ಲಿನೊಳಗೆ ಮಾತ್ರ. ಹುಲ್ಲು ಬಳಸಿಕೊಂಡು ನಡೆದರೆ ನೆಮ್ಮದಿ. ಗುಹೆಯೊಳಗೆ ಇಡೀ ನೆಲವೇ ಹುಲ್ಲಿದ್ದ ಹಾಗೆ, ಯಾವ ಹೆಜ್ಜೆಗೂ ಜೀವಿ ಎರಗಬಹುದು. ಗುಹೆಯಲ್ಲಿ ಎದುರಾಗುವ ಪ್ರಮಾಣವೇ ಹೆಚ್ಚು ಎಂದು ಬಹಳ ಮಂದಿ ನಂಬಿದ್ದಾರೆ, ಅದು ಸರಿಯಲ್ಲ. ಆ ಆಟದ ಲೆಕ್ಕದಲ್ಲಿ ಮೊದಲ ದಾರಿಯ ಹುಲ್ಲಿನಲ್ಲಿ ಹೆಜ್ಜೆಗೆ 256ರಲ್ಲಿ 25 ಪಾಲು ಸಾಧ್ಯತೆ ಇದ್ದರೆ, ಮೌಂಟ್ ಮೂನ್‌ನಲ್ಲಿ ಬರೀ 10 ಪಾಲು. ಅಂದರೆ ಸರಾಸರಿ 25 ಹೆಜ್ಜೆಗೆ ಒಂದು. ಆದರೆ ಹುಲ್ಲು ಹತ್ತಾರು ಹೆಜ್ಜೆಗೆ ಮುಗಿಯುತ್ತದೆ, ಗುಹೆ ಮೂರು ಅಂತಸ್ತು. ದಾರಿ ತಪ್ಪಿ ಸುತ್ತಿದಷ್ಟೂ ಲೆಕ್ಕ ಬೆಳೆಯುತ್ತದೆ. ಮೇಲಂತಸ್ತಿನಲ್ಲಿ ಎದುರಾಗುವ 10 ಜೀವಿಗಳಲ್ಲಿ ಸುಮಾರು 8 ಜುಬ್ಯಾಟೇ ಆಗಿರುವುದರಿಂದ ‘ಮತ್ತೆ ಅದೇನಾ’ ಎನಿಸುವುದು ಸಹಜ.

ಇದಕ್ಕೆ ಮದ್ದು ರಿಪೆಲ್ ಎಂಬ ಸ್ಪ್ರೇ. ಆದರೆ ಅದು ಪ್ಯೂಟರ್ ಸಿಟಿಯ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ! ಸಿಗುತ್ತಿದ್ದುದು ಗುಹೆ ದಾಟಿದ ಮೇಲೆ, ಸೆರುಲಿಯನ್‌ನಲ್ಲಿ. ಹೀಗಾಗಿ ಮೊದಲ ಸಲ ಆಡಿದವರೆಲ್ಲ ಬರಿಗೈಯಲ್ಲೇ ಈ ಬಾವಲಿಗಳ ನಡುವೆ ನಡೆದರು. ಜುಬ್ಯಾಟ್ ಎಂಬುದು ಬೈಗುಳವಾದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಎದುರಾದ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಪರದೆ ಮಿನುಗಿ ಕಪ್ಪಾಗುತ್ತದೆ, ಲೆವೆಲ್ 10ರ ಜುಬ್ಯಾಟ್ ಬಾಯಿ ತೆರೆದು ನಿಂತಿರುತ್ತದೆ. ಆ ಲೆವೆಲ್‌ಗೆ ಅದು ಸೂಪರ್‌ಸಾನಿಕ್ ಎಂಬ ಪಟ್ಟು ಕಲಿತಿರುತ್ತದೆ. ಗುರಿ ತಾಗುವುದು 100ಕ್ಕೆ 55 ಸಲ ಮಾತ್ರ, ತಾಗಿದರೆ ನಿಮ್ಮ ಜೀವಿಗೆ ತಲೆ ತಿರುಗುತ್ತದೆ. ಕನ್‌ಫ್ಯೂಷನ್ ಎಂಬ ಈ ಸ್ಥಿತಿಯಲ್ಲಿ ಹಳೆಯ ಆಟಗಳಲ್ಲಿ ಎರಡಕ್ಕೊಂದು ಸಲ ಅದು ತನಗೆ ತಾನೇ ಹೊಡೆದುಕೊಳ್ಳುತ್ತಿತ್ತು. ಸರಣಿಯ ಏಳನೆಯ ತಲೆಮಾರಿನ ಆಟಗಳಿಂದ ಅದನ್ನು ಮೂರಕ್ಕೊಂದಕ್ಕೆ ಇಳಿಸಿದ್ದಾರೆ. ಜುಬ್ಯಾಟ್‌ನ ರಕ್ತ ಹೀರುವ ಪಟ್ಟು ಲೀಚ್ ಲೈಫ್. ಆಗ ಅದರ ಬಲ ಬರೀ 20, ಕಚ್ಚಿದ್ದು ಸೊಳ್ಳೆ ಕಚ್ಚಿದಷ್ಟು. ಹೊಡೆತ ಬೀಳುತ್ತಿದ್ದುದು ಹೆಚ್ಚಾಗಿ ನಿಮ್ಮದೇ ಜೀವಿಯ ಕೈಯಿಂದ. ಇದೇ ಲೀಚ್ ಲೈಫ್‌ಗೆ ಏಳನೆಯ ತಲೆಮಾರಿನಲ್ಲಿ 80 ಬಲ ಕೊಟ್ಟರು.

ಓಡಿಹೋಗೋಣ ಎಂದರೆ ಅದಕ್ಕೂ ಲೆಕ್ಕವಿದೆ. ಫೈರ್‌ರೆಡ್, ಎಮರಾಲ್ಡ್ ಕಾಲದ, ಅಂದರೆ ಮೂರನೆಯ ತಲೆಮಾರಿನ ಆಟಗಳಲ್ಲಿ ನಿಮ್ಮ ಜೀವಿಯ ವೇಗ ಎದುರಾಳಿಯಷ್ಟೇ ಅಥವಾ ಹೆಚ್ಚಿದ್ದರೆ ಓಟ ಖಚಿತ. ಕಡಿಮೆಯಿದ್ದರೆ ನಿಮ್ಮ ವೇಗವನ್ನು 128ರಿಂದ ಗುಣಿಸಿ, ಎದುರಾಳಿಯ ವೇಗದಿಂದ ಭಾಗಿಸಬೇಕು. ಬಂದ ಸಂಖ್ಯೆ 256ರಲ್ಲಿ ನಿಮ್ಮ ಪಾಲು. ಒಮ್ಮೆ ಸೋತರೆ ಮುಂದಿನ ಯತ್ನಕ್ಕೆ 30 ಕೂಡುತ್ತದೆ. ಮುಂದೆ ನಿಂತಿರುವುದು ಜಿಯೋಡ್ಯೂಡ್ ಎಂಬ ಕಲ್ಲುಗುಂಡು, ಅದರ ವೇಗ 10, ಜುಬ್ಯಾಟ್‌ನದು 16 ಎಂದಿಟ್ಟುಕೊಳ್ಳಿ. ಮೊದಲ ಯತ್ನಕ್ಕೆ 80 ಪಾಲು, ಶೇಕಡಾ 31. ಎರಡನೆಯದಕ್ಕೆ 110, ಮೂರನೆಯದಕ್ಕೆ 140. ಮೂರನೆಯ ಸಲಕ್ಕೂ ಶೇಕಡಾ 55 ದಾಟುವುದಿಲ್ಲ, ಅಷ್ಟರಲ್ಲಿ ಸೂಪರ್‌ಸಾನಿಕ್ ಎರಡು ಸಲ ಬಂದಿರುತ್ತದೆ. ಆದ್ದರಿಂದ ಗುಹೆಗೆ ಹೋಗುವಾಗ ಗಟ್ಟಿಮುಟ್ಟಾದದ್ದನ್ನಲ್ಲ, ಚುರುಕಾದದ್ದನ್ನು ಮುಂದಿಡಿ. ಆಟದ ಆರಂಭದಲ್ಲಿ ಆಯ್ದುಕೊಳ್ಳುವ ಮೂರು ಜೀವಿಗಳಲ್ಲಿ, ಮೂಲ ವೇಗ (ಜಾತಿಗೇ ಗೊತ್ತುಮಾಡಿದ ವೇಗದ ಅಂಕ) 65 ಇರುವ ಚಾರ್‌ಮ್ಯಾಂಡರ್ 55ರ ಜುಬ್ಯಾಟ್‌ನಿಂದ ಸಲೀಸಾಗಿ ತಪ್ಪಿಸಿಕೊಳ್ಳುತ್ತದೆ. 45ರ ಬಲ್ಬಸಾರ್, 43ರ ಸ್ಕ್ವರ್ಟಲ್ ಲೆವೆಲ್ಲಿನಲ್ಲಿ ನಾಲ್ಕಾರು ಮುಂದಿದ್ದರೆ ಮಾತ್ರ.

ಹೊಡೆಯುವುದಾದರೆ ಜಾತಿ ತಿಳಿದಿರಲಿ. ಜುಬ್ಯಾಟ್ ವಿಷ ಮತ್ತು ಹಾರುವ ಜಾತಿಗಳ ಬೆರಕೆ. ಎಲೆಕ್ಟ್ರಿಕ್, ಐಸ್, ಸೈಕಿಕ್, ರಾಕ್ ಪಟ್ಟುಗಳು ಇಮ್ಮಡಿ ತಾಗುತ್ತವೆ. ಗ್ರಾಸ್, ಫೈಟಿಂಗ್ ಕಾಲುಪಾಲು ಮಾತ್ರ, ಅದಕ್ಕೇ ಬಲ್ಬಸಾರ್ ಹಿಡಿದು ಹೊರಟವರಿಗೆ ಈ ಗುಹೆ ಹೆಚ್ಚು ಭಾರ. ವಿಷದ ಜಾತಿಗೆ ಗ್ರೌಂಡ್ ಪಟ್ಟು ಚೆನ್ನಾಗಿ ತಾಗುತ್ತದೆ ಎಂದು ಓದಿಕೊಂಡು ಮ್ಯಾಗ್ನಿಟ್ಯೂಡ್ ಬಿಡುವವರು ತಪ್ಪುತ್ತಾರೆ: ಹಾರುವುದಕ್ಕೆ ನೆಲದ ಪಟ್ಟು ತಾಗುವುದೇ ಇಲ್ಲ. ಪ್ಯೂಟರ್‌ಗೆ ಮೊದಲೇ ಸಿಗುವ ವಿರಿಡಿಯನ್ ಕಾಡಿನಲ್ಲಿ ತಾಳ್ಮೆಯಿಂದ ಹುಡುಕಿ ಒಂದು ಪಿಕಾಚು ಹಿಡಿದುಕೊಂಡರೆ ಮೌಂಟ್ ಮೂನ್ ಅರ್ಧ ಗೆದ್ದಂತೆ.

ರಿಪೆಲ್ ಸಿಗುವ ಕಡೆ ಅದರ ನಿಯಮ ಗೊತ್ತಿರಬೇಕು. ಸಾದಾ ರಿಪೆಲ್ 100 ಹೆಜ್ಜೆ, ಸೂಪರ್ 200, ಮ್ಯಾಕ್ಸ್ 250. ಹಳೆಯ ಆಟಗಳಲ್ಲಿ ಬೆಲೆ ಕ್ರಮವಾಗಿ 350, 500, 700. ಹೆಜ್ಜೆಯ ಲೆಕ್ಕಕ್ಕೆ ಸೂಪರ್ ರಿಪೆಲ್ಲೇ ಅಗ್ಗ. ಸ್ಪ್ರೇ ಹೊಡೆದರೂ ಜುಬ್ಯಾಟ್ ಬಂತಲ್ಲ ಎಂದು ಗೊಣಗುವವರು ಒಂದು ವಿಷಯ ಮರೆತಿರುತ್ತಾರೆ. ರಿಪೆಲ್ ತಡೆಯುವುದು ಸಾಲಿನಲ್ಲಿ ಮುಂದಿರುವ ನಿಮ್ಮ ಜೀವಿಗಿಂತ ಕಡಿಮೆ ಲೆವೆಲ್‌ನವುಗಳನ್ನು ಮಾತ್ರ. ಲೆವೆಲ್ 8ರ ಮರಿಯನ್ನು ಮುಂದಿಟ್ಟುಕೊಂಡರೆ 10ರ ಜುಬ್ಯಾಟ್ ಬಂದೇ ಬರುತ್ತದೆ.

ಇಷ್ಟೆಲ್ಲ ತಪ್ಪಿಸಿಕೊಳ್ಳುವ ಮಾತಾಯಿತು. ಒಂದನ್ನಾದರೂ ಹಿಡಿಯಿರಿ ಎನ್ನುವುದು ನಮ್ಮ ಖಡಾಖಂಡಿತ ಸಲಹೆ. ಜುಬ್ಯಾಟ್ ಹಿಡಿಯುವ ಸುಲಭದ ಅಂಕ 255, ಆಟದಲ್ಲಿ ಅದಕ್ಕಿಂತ ಮೇಲಿಲ್ಲ. ಒಂದು ಏಟೂ ಹೊಡೆಯದೆ ಜೀವಿ ಹಿಡಿಯುವ ಸಾದಾ ಬಾಲ್ ಎಸೆದರೂ ಫೈರ್‌ರೆಡ್ ಲೆಕ್ಕದಲ್ಲಿ ಮೂರಕ್ಕೊಂದು ಸಲ ಸಿಕ್ಕುತ್ತದೆ.

ಹಿಡಿಯಬೇಕಾದದ್ದು ಏಕೆ ಎಂಬುದು ಅಂಕಿಗಳಲ್ಲೇ ಇದೆ. ಬಲ, ವೇಗ ಮುಂತಾದವುಗಳಿಗೆ ಜುಬ್ಯಾಟ್‌ಗಿರುವ ಮೂಲ ಅಂಕಗಳ ಮೊತ್ತ 245, ಗೋಲ್‌ಬ್ಯಾಟ್ 455, ಕ್ರೋಬ್ಯಾಟ್ 535. ಕ್ರೋಬ್ಯಾಟ್‌ನ ವೇಗವೊಂದೇ 130, ಗೋಲ್ಡ್ ಮತ್ತು ಸಿಲ್ವರ್ ಕಾಲದಲ್ಲಿ ಅದನ್ನು ಮೀರಿಸುತ್ತಿದ್ದುದು ಎಲೆಕ್ಟ್ರೋಡ್ ಒಂದೇ. ಎದುರಾಳಿ ಕೈಯೆತ್ತುವ ಮೊದಲೇ ಇದು ಕನ್‌ಫ್ಯೂಸ್ ರೇ ಬಿಟ್ಟು ತಲೆ ತಿರುಗಿಸುತ್ತದೆ. ಅದರ ಗುರಿ, ಸೂಪರ್‌ಸಾನಿಕ್‌ನಂತಲ್ಲದೆ, 100ಕ್ಕೆ 100.

ಆದರೆ ಕ್ರೋಬ್ಯಾಟ್ ಆಗಲು ಲೆವೆಲ್ ಸಾಲದು, ಸ್ನೇಹದ ಅಂಕ ಬೇಕು. 255ಕ್ಕೆ 220, ಎಂಟನೆಯ ತಲೆಮಾರಿನಿಂದ 160. ಮೂರನೆಯ ತಲೆಮಾರಿನ ಲೆಕ್ಕ ಹೀಗಿದೆ. ಹಿಡಿದಾಗ ಜುಬ್ಯಾಟ್‌ನ ಸ್ನೇಹ 70. ಲೆವೆಲ್ ಏರಿದಾಗ ಸ್ನೇಹ 100ರ ಒಳಗಿದ್ದರೆ 5, 200ರ ಒಳಗಿದ್ದರೆ 3, ಆಮೇಲೆ 2 ಕೂಡುತ್ತದೆ. ನಡೆದರೆ 128 ಹೆಜ್ಜೆಗೊಮ್ಮೆ, ಅದೂ ಎರಡಕ್ಕೊಂದು ಸಲ, 1 ಅಂಕ. ಲೆವೆಲ್ 10ರಲ್ಲಿ ಹಿಡಿದು 40ಕ್ಕೆ ಏರಿಸಿದರೆ 102 ಅಂಕ ಕೂಡಿ 172 ಆಗುತ್ತದೆ. ಉಳಿದ 48ಕ್ಕೆ ಸರಾಸರಿ 12,300 ಹೆಜ್ಜೆ ಬೇಕು. ಲೆವೆಲ್ ಏರಿಸುತ್ತಾ ಊರೂರು ಅಲೆಯುವಾಗ ಇದರ ಬಹುಪಾಲು ತಾನಾಗಿಯೇ ಮುಗಿದಿರುತ್ತದೆ. ಸೂದ್ ಬೆಲ್ ಎಂಬ ಗಂಟೆ ಕಟ್ಟಿದರೆ ಅಂಕ ಒಂದೂವರೆ ಪಟ್ಟು ಎನ್ನುತ್ತಾರೆ. ನಿಜ, ಆದರೆ ಆ ಆಟಗಳು ದಶಾಂಶವನ್ನು ಬಿಟ್ಟುಬಿಡುವುದರಿಂದ ನಡಿಗೆಯ 1 ಅಂಕ 1 ಆಗಿಯೇ ಉಳಿಯುತ್ತದೆ. ಗಂಟೆಯ ಲಾಭ ಲೆವೆಲ್ ಏರಿದಾಗ ಮಾತ್ರ. ನಡಿಗೆಗೂ ಲಾಭ ಬೇಕೆಂದರೆ ಲಕ್ಷುರಿ ಬಾಲ್‌ನಲ್ಲಿ ಹಿಡಿಯಬೇಕು, ಅದು ಕೂಡುವಾಗಲೆಲ್ಲ 1 ಹೆಚ್ಚಿಗೆ ಕೊಡುತ್ತದೆ.

ಕಳೆಯುವ ದಾರಿಗಳೂ ಇವೆ. ಮೂರ್ಛೆ ಹೋದರೆ 1 ಕಡಿಮೆ. ಅಗ್ಗವೆಂದು ಕಹಿ ಗಿಡಮೂಲಿಕೆ ಪುಡಿ ಕುಡಿಸಿದರೆ 5, ಸ್ನೇಹ 200 ದಾಟಿದ ಮೇಲಾದರೆ 10. ಅಂದರೆ ಒಂದು ಚಿಟಿಕೆ ಪುಡಿಗೆ ಎರಡು ಸಾವಿರಕ್ಕೂ ಹೆಚ್ಚು ಹೆಜ್ಜೆಗಳ ಅಕ್ಕರೆ ನೀರುಪಾಲು. ಫೈರ್‌ರೆಡ್, ಲೀಫ್‌ಗ್ರೀನ್ ಆಡುವವರಿಗೆ ಇನ್ನೊಂದು ಅಡ್ಡಿಯಿದೆ: ಸ್ನೇಹ ತುಂಬಿದ ಗೋಲ್‌ಬ್ಯಾಟ್ ಲೆವೆಲ್ ಏರಿದಾಗ ರೂಪ ಬದಲಿಸಲು ಹೊರಟು ನಡುವೆ ನಿಂತುಬಿಡುತ್ತದೆ. ಕ್ಯಾಸೆಟ್ ಕೆಟ್ಟಿಲ್ಲ. ಎಲೀಟ್ ಫೋರ್ ಎಂಬ ಕೊನೆಯ ನಾಲ್ವರು ಎದುರಾಳಿಗಳನ್ನು ಗೆದ್ದು, 60 ಜಾತಿ ಹಿಡಿದು, ನ್ಯಾಷನಲ್ ಡೆಕ್ಸ್ ಎಂಬ ಜೀವಿಗಳ ದೊಡ್ಡ ಪಟ್ಟಿ ಪಡೆಯುವವರೆಗೆ ಆ ಆಟ ಕ್ರೋಬ್ಯಾಟ್‌ಗೆ ಅನುಮತಿ ಕೊಡುವುದಿಲ್ಲ.

ಈ ನಿಯಮವನ್ನು ಕಥೆಗಾರರು ತುಂಬ ಚೆಂದವಾಗಿ ಬಳಸಿದ್ದು ಗೋಲ್ಡ್ ಮತ್ತು ಸಿಲ್ವರ್‌ನಲ್ಲಿ. ಅದರ ಪ್ರತಿಸ್ಪರ್ಧಿ ಹುಡುಗ ತನ್ನ ಜೀವಿಗಳನ್ನು ಕೀಳಾಗಿ ಕಾಣುವವನು, ಗೆಲ್ಲದಿದ್ದರೆ ಬೈಯುವವನು. ಅವನ ಬಳಿ ಜುಬ್ಯಾಟ್ ಇರುತ್ತದೆ, ಆಟ ಸಾಗಿದಂತೆ ಗೋಲ್‌ಬ್ಯಾಟ್ ಆಗುತ್ತದೆ, ಬಹಳ ಕಾಲ ಹಾಗೇ ಉಳಿಯುತ್ತದೆ. ಕೊನೆಯಲ್ಲಿ, ಎಲೀಟ್ ಫೋರ್ ಇರುವ ಇಂಡಿಗೋ ಪ್ಲೇಟೋದಲ್ಲಿ ಎದುರಾದಾಗ ಅವನು ಎಸೆದ ಬಾಲ್‌ನಿಂದ ಹೊರಬರುವುದು ಕ್ರೋಬ್ಯಾಟ್. ಹುಡುಗ ಬದಲಾಗಿದ್ದಾನೆ ಎಂದು ಯಾರೂ ಬಾಯಿಬಿಟ್ಟು ವಿವರಿಸಬೇಕಾಗಿಲ್ಲ, ನಾಲ್ಕು ರೆಕ್ಕೆ ನೋಡಿದರೆ ಸಾಕು.

ಸರಣಿಯ ಇತರ ಬಾವಲಿಗಳನ್ನು ಜುಬ್ಯಾಟ್ ಎನ್ನಬಾರದು. ಹೃದಯದಾಕಾರದ ಮೂಗಿನ ವೂಬ್ಯಾಟ್ 2010ರದು, ಅದಕ್ಕೂ ಸ್ನೇಹವೇ ಬೇಕು. ಡ್ರ್ಯಾಗನ್ ಜಾತಿಯ ನಾಯ್‌ಬ್ಯಾಟ್ 2013ರದು, ಲೆವೆಲ್ 48ಕ್ಕೆ ನಾಯ್‌ವರ್ನ್ ಆಗುತ್ತದೆ. 2018ರ ಲೆಟ್ಸ್ ಗೋ ಆಟಗಳಲ್ಲಿ ಕಾಡುಜೀವಿಗಳು ಕಣ್ಣಿಗೆ ಕಾಣುವಂತೆಯೇ ಓಡಾಡುವುದರಿಂದ ಜುಬ್ಯಾಟನ್ನು ಬಳಸಿಕೊಂಡು ಹೋಗಬಹುದು. ಆ ಆಟದಿಂದ ಶುರುಮಾಡಿದ ಮಕ್ಕಳಿಗೆ ಅಣ್ಣಂದಿರ ಬೈಗುಳ ಅರ್ಥವಾಗದಿದ್ದರೆ ತಪ್ಪು ಮಕ್ಕಳದಲ್ಲ.

ಮೊಬೈಲಿನ ಪೋಕೆಮಾನ್ ಗೋ ಹಿಡಿದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವವರಿಗೆ ಲೆಕ್ಕ ಬೇರೆ. ಅಲ್ಲಿ ಸ್ನೇಹದ ಬದಲು ಕ್ಯಾಂಡಿ: ಗೋಲ್‌ಬ್ಯಾಟ್‌ಗೆ 25, ಕ್ರೋಬ್ಯಾಟ್‌ಗೆ ಇನ್ನೂ 100. ಒಂದು ಜುಬ್ಯಾಟ್ ಹಿಡಿದರೆ 3, ಪಿನಾಪ್ ಹಣ್ಣು ಕೊಟ್ಟು ಹಿಡಿದರೆ 6, ಜೊತೆಗಾರನಾಗಿಟ್ಟುಕೊಂಡು ನಡೆದರೆ ಕಿಲೋಮೀಟರಿಗೆ 1. ಪರದೆಯಲ್ಲಿ ಅದು ದೂರದಲ್ಲಿ, ಮೇಲೆ ಕೆಳಗೆ ತೂರಾಡುತ್ತಾ ಇರುವುದರಿಂದ ಬಾಲ್ ವ್ಯರ್ಥವಾಗುವುದೇ ಹೆಚ್ಚು. ಜುಬ್ಯಾಟ್ ಮೇಲೆ ಕಾಣುವ ಗುರಿಯ ವೃತ್ತ ಬೇಕಾದಷ್ಟು ಕುಗ್ಗುವವರೆಗೆ ಬಾಲನ್ನು ಒತ್ತಿ ಹಿಡಿದು, ಎಸೆಯದೆ ಬೆರಳೆತ್ತಿ ಕಾಯಿರಿ. ಜುಬ್ಯಾಟ್ ಎರಗುವಂತೆ ಮುಂದೆ ನುಗ್ಗಿ ಹಿಂದಕ್ಕೆ ಸರಿಯುವ ಹೊತ್ತಿಗೆ ಎಸೆದರೆ ಬಾಲ್ ಅದರ ಬಳಿ ಮುಟ್ಟುವಾಗ ಅದು ತನ್ನ ಜಾಗದಲ್ಲಿ ನಿಂತಿರುತ್ತದೆ.