ಹಕ್ಕು ಸೋಲುವುದು ನಡಾವಳಿ ಪುಸ್ತಕದಲ್ಲಿ

‘ಸೂಕ್ತ ದಾಖಲೆ ಇಲ್ಲದ ಕಾರಣ ತಿರಸ್ಕರಿಸಲಾಗಿದೆ.’ ತಾವು ಬದುಕಿಕೊಂಡು ಬಂದ ಅರಣ್ಯ ಭೂಮಿಯ ಹಕ್ಕಿಗಾಗಿ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ ಕೊಡಗಿನ ಹಾಡಿಯವರ (ಹಾಡಿ ಎಂದರೆ ಆದಿವಾಸಿಗಳ ವಸತಿ) ಕೈಗೆ ಕಚೇರಿಯಿಂದ ಕಾಗದ ಬಂದರೆ, ಅದು ಸಾಮಾನ್ಯವಾಗಿ ಇಂಥ ಒಂದು ಸಾಲಿನ ಹಿಂಬರಹ. ಕೆಲವರಿಗೆ ಅದೂ ಬರುವುದಿಲ್ಲ. ಅರ್ಜಿ ಬಿದ್ದುಹೋಯಿತಂತೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಬರುತ್ತದೆ, ಅಷ್ಟೆ.

ನಿಯಮ ಓದಿದವರಿಗೆ ಈ ಸಾಲು ವಿಚಿತ್ರವಾಗಿ ಕಾಣುತ್ತದೆ. ಇಂಥದ್ದೇ ದಾಖಲೆ ಬೇಕು ಎಂದು, ಗ್ರಾಮಸಭೆಯ ನಂತರ ಅರ್ಜಿ ಪರಿಶೀಲಿಸುವ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಹಟ ಹಿಡಿಯುವಂತಿಲ್ಲ ಎಂದು ಈ ಕಾಯ್ದೆಯಡಿಯ ನಿಯಮ 12ಎ ನೇರವಾಗಿ ಹೇಳುತ್ತದೆ. ಗ್ರಾಮಸಭೆಯ ನಿರ್ಣಯ ಅಪೂರ್ಣ ಅನ್ನಿಸಿದರೆ ತಿರಸ್ಕರಿಸದೆ ಗ್ರಾಮಸಭೆಗೇ ಹಿಂದಕ್ಕೆ ಕಳುಹಿಸಬೇಕು ಎಂದೂ ಅಲ್ಲೇ ಇದೆ. ಕಾಯ್ದೆ 2006ರದು, ಜಾರಿಗೆ ಬಂದದ್ದು 2007ರ ಡಿಸೆಂಬರ್ 31ರಂದು. ಈ ರಕ್ಷಣೆಗಳು ನಿಯಮಕ್ಕೆ ಸೇರಿದ್ದು 2012ರ ಸೆಪ್ಟೆಂಬರ್ ತಿದ್ದುಪಡಿಯಲ್ಲಿ. ಅಂದರೆ ಕಾನೂನಿನಲ್ಲಿ ಕೊರತೆ ಇಲ್ಲ. ಜಾರಿಯಾಗದೆ ಉಳಿಯಲು ರಾಜಕೀಯ, ಇಲಾಖೆಗಳ ಹಟ ಎಂದೆಲ್ಲ ದೊಡ್ಡ ಕಾರಣಗಳನ್ನು ಹೇಳುವುದುಂಟು. ಅವು ಸುಳ್ಳೇನಲ್ಲ. ಆದರೆ ಕಡತ ಬಿಡಿಸಿ ನೋಡಿದರೆ ಸೋಲು ಸಣ್ಣ ಜಾಗಗಳಲ್ಲಿ ಆಗಿರುತ್ತದೆ: ಹಾಜರಾತಿ ಪುಟ, ನೋಟಿಸಿನ ಸ್ವೀಕೃತಿ, ಮಹಜರಿನ ಕೆಳಗಿನ ಸಹಿ.

ಅರ್ಜಿಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಜಾಗ ದಾಖಲೆಯಲ್ಲಿ ಏನಾಗಿದೆ? ಈ ಕಾಯ್ದೆ ಅರಣ್ಯ ಭೂಮಿಗೆ ಮಾತ್ರ. ಮೀಸಲು ಅರಣ್ಯ, ಪರಿಭಾವಿತ (ಡೀಮ್ಡ್) ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಲ್ಲವೂ ಅದರಲ್ಲಿ ಸೇರಿವೆ. ನಾಗರಹೊಳೆಯೊಳಗೆ ಈ ಕಾಯ್ದೆ ನಡೆಯುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಆದರೆ ಪಹಣಿಯಲ್ಲಿ ಪೈಸಾರಿ, ಅಂದರೆ ಸರ್ಕಾರಿ ಕಂದಾಯ ಭೂಮಿ, ಎಂದಿರುವ ಜಾಗಕ್ಕೆ ಇಲ್ಲಿ ಅರ್ಜಿ ಹಾಕಿದರೆ ವರ್ಷಗಳು ವ್ಯರ್ಥ. ಅಲ್ಲಿ ಮನೆಯಿದ್ದರೆ ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮಗೊಳಿಸುವ, ಭೂಕಂದಾಯ ಕಾಯ್ದೆಯ ಸೆಕ್ಷನ್ 94-ಸಿ ನೋಡಬೇಕು. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದ ಮೇಲೆ ಎದ್ದ ವಾದದ ಒಂದು ಎಳೆಯೂ ಇದೇ: ಜಾಗ ಪೈಸಾರಿಯೋ, ಅರಣ್ಯವೋ?

ಇನ್ನು ಗ್ರಾಮಸಭೆ. ಹೆಚ್ಚಿನ ಕಡತಗಳು ಕುಂಟುವುದು ಇಲ್ಲೇ. ಪಂಚಾಯಿತಿಯ ವಾರ್ಷಿಕ ಗ್ರಾಮಸಭೆಯಲ್ಲಿ ಬೀದಿದೀಪ, ಚರಂಡಿಯ ಚರ್ಚೆ ಮುಗಿದ ಮೇಲೆ ‘ಅರಣ್ಯ ಹಕ್ಕು ಅರ್ಜಿಗಳನ್ನು ಅನುಮೋದಿಸಲಾಯಿತು’ ಎಂದು ಒಂದು ಸಾಲು ಬರೆದರೆ ಅದು ಈ ಕಾಯ್ದೆಯ ಗ್ರಾಮಸಭೆ ಆಗುವುದಿಲ್ಲ. ಕಾಯ್ದೆಯ ‘ಗ್ರಾಮ’ದಲ್ಲಿ ಹಳೆಯ ವಸತಿ, ಸರ್ವೆಯಾಗದ ನೆಲೆ, ಅರಣ್ಯ ಗ್ರಾಮ ಎಲ್ಲವೂ ಸೇರುತ್ತವೆ; ಅಧಿಸೂಚನೆ ಆಗಿರಲೇಬೇಕೆಂದಿಲ್ಲ. ಹಾಗಾಗಿ ಹಾಡಿಯೇ ತನ್ನ ಗ್ರಾಮಸಭೆ ನಡೆಸಬಹುದು, ನಡೆಸಬೇಕು. ಕೋರಂ ದೃಷ್ಟಿಯಿಂದಲೂ ಅದೇ ಸರಿ. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು, ಹಕ್ಕಿನ ಅರ್ಜಿಗಳ ಮೇಲೆ ನಿರ್ಣಯ ಆಗುವಾಗ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟಾದರೂ ಅಲ್ಲಿರಬೇಕು. 120 ವಯಸ್ಕರಿರುವ ಹಾಡಿಯಲ್ಲಿ 40 ಅರ್ಜಿಗಳಿವೆ ಎನ್ನಿ. 60 ಜನ, ಅದರಲ್ಲಿ 20 ಹೆಂಗಸರು, 20 ಅರ್ಜಿದಾರರು ಬಂದರೆ ಸಭೆ ಸಿಂಧುವಾಗುತ್ತದೆ. ಇದನ್ನೇ ಐದಾರು ಊರು ಸೇರಿದ ಪಂಚಾಯಿತಿ ಮಟ್ಟದಲ್ಲಿ ಮಾಡಿದರೆ ಸಾವಿರಗಟ್ಟಲೆ ಮತದಾರರಲ್ಲಿ ಅರ್ಧದಷ್ಟನ್ನು ಒಂದೆಡೆ ಸೇರಿಸಬೇಕಾಗುತ್ತದೆ. ಯಾರಿಂದಾದೀತು?

ಸಾಮಾನ್ಯ ತಪ್ಪು ಎಂದರೆ ನಡಾವಳಿಯಲ್ಲಿ ಸಹಿ, ಹೆಬ್ಬೆಟ್ಟು ಸಾಲಾಗಿ ಇರುತ್ತವೆ, ಒಟ್ಟು ಸದಸ್ಯರೆಷ್ಟು ಎಂದು ಎಲ್ಲೂ ಬರೆದಿರುವುದಿಲ್ಲ. ಒಟ್ಟು ಗೊತ್ತಿಲ್ಲದೆ ಅರ್ಧ ಹೇಗೆ ಗೊತ್ತಾಗಬೇಕು? ನಡಾವಳಿಯ ಮೊದಲ ಸಾಲಿನಲ್ಲೇ ಒಟ್ಟು ಸದಸ್ಯರು, ಹಾಜರಾದ ಗಂಡಸರು, ಹೆಂಗಸರು, ಹಾಜರಿದ್ದ ಅರ್ಜಿದಾರರು ಎಂದು ನಾಲ್ಕು ಸಂಖ್ಯೆ ಬರೆದರೆ ಮುಂದೆ ಬರುವ ಅರ್ಧ ತಕರಾರು ಅಲ್ಲೇ ಸಾಯುತ್ತದೆ.

ಸಭೆಯ ದಿನವನ್ನು ಕಾಫಿ ನೋಡಿ ಗೊತ್ತುಮಾಡಬೇಕು. ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೋಬಸ್ಟಾ ಶುರು. ಡಿಸೆಂಬರಿನಿಂದ ಮಾರ್ಚಿನವರೆಗೆ ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಹಾಡಿಯಲ್ಲಿ ಉಳಿದಿರುವವರು ಮುದುಕರು, ಮಕ್ಕಳು. ತೋಟಕ್ಕೆ ಹೋದ ಹೆಂಗಸರನ್ನು ಸಂಜೆ ಹೆಬ್ಬೆಟ್ಟು ಹಾಕಿಸಿ ಲೆಕ್ಕಕ್ಕೆ ಸೇರಿಸಿದ ನಡಾವಳಿಗಳು ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಸಂತೆಯ ದಿನವೂ ಬೇಡ.

ಅರ್ಜಿ ಪಡೆದು ಸ್ಥಳ ತನಿಖೆ ಮಾಡಲು ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ. ಪರಿಶಿಷ್ಟ ಪಂಗಡದವರು ಇರುವ ಕಡೆ ಮೂರನೇ ಎರಡು ಭಾಗ ಅವರೇ ಇರಬೇಕು, ಮೂರನೇ ಒಂದು ಭಾಗ ಹೆಂಗಸರು. ತೀರಿಕೊಂಡವರ ಹೆಸರು ಸಮಿತಿಯಲ್ಲಿ ವರ್ಷಗಟ್ಟಲೆ ಉಳಿಯದಂತೆ ನೋಡಿಕೊಂಡರೆ ಸಾಕು.

ಕೊಡಗಿಗೆ ವಿಶೇಷವಾಗಿ ಕಾಡುವ ತೊಡಕು ಅರ್ಜಿ ನಮೂನೆಯಲ್ಲೇ ಇದೆ. ಕಾಡಿನೊಳಗಿಂದ ದಶಕಗಳ ಹಿಂದೆ ಹೊರಬಿದ್ದ ಜೇನುಕುರುಬ, ಯರವ ಕುಟುಂಬಗಳಲ್ಲಿ ಹಲವು ಇಂದು ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಇವೆ. ಇವರಿಗೆ ಅರ್ಜಿ ಬರೆದುಕೊಡುವವರು ಎಲ್ಲರಿಗೂ ಬರೆದಂತೆ ನಮೂನೆ ‘ಎ’ಯ ಮೊದಲ ಸಾಲು ತುಂಬಿಸುತ್ತಾರೆ: ವಾಸಕ್ಕೆ ಇಷ್ಟು, ಬೇಸಾಯಕ್ಕೆ ಇಷ್ಟು. ಆ ಸಾಲು ಕೇಳುವುದು 2005ರ ಡಿಸೆಂಬರ್ 13ರ ಮೊದಲಿನಿಂದ ಸ್ವಾಧೀನದಲ್ಲಿರುವ ಜಾಗವನ್ನು. ಸ್ಥಳ ತನಿಖೆಗೆ ಹೋದವರಿಗೆ ಅಲ್ಲಿ ಮನೆ ಕಾಣುವುದಿಲ್ಲ, ಅರ್ಜಿ ಬೀಳುತ್ತದೆ. ಮನೆ ಇರುವುದಾದರೂ ಹೇಗೆ, ಹೊರಗೆ ಹಾಕಿದ ಮೇಲೆ? ಇಂಥವರಿಗಾಗಿಯೇ ಸೆಕ್ಷನ್ 3(1)(ಎಂ) ಇದೆ: ಆ ದಿನಾಂಕಕ್ಕೆ ಮೊದಲು, ಪುನರ್ವಸತಿಯ ಕಾನೂನುಬದ್ಧ ಹಕ್ಕು ಸಿಗದೆ, ಕಾನೂನುಬಾಹಿರವಾಗಿ ಹೊರಹಾಕಲ್ಪಟ್ಟವರಿಗೆ ಮೂಲ ಸ್ಥಳದಲ್ಲೇ ಪುನರ್ವಸತಿ ಅಥವಾ ಬದಲಿ ಭೂಮಿ. ನಮೂನೆಯ ನಾಲ್ಕನೇ ಸಾಲು ಅದಕ್ಕೇ ಮೀಸಲು. ಯೋಜನೆಗೆಂದು ಪರಿಹಾರವಿಲ್ಲದೆ ಒಕ್ಕಲೆಬ್ಬಿಸಿದವರಿಗೆ ಐದನೆಯದು. ಸಾಲು ತಪ್ಪಿದರೆ ಸರಿಯಾದ ಹಕ್ಕೇ ತಪ್ಪಾದ ಅರ್ಜಿಯಾಗಿ ಬಿಡುತ್ತದೆ.

ಸಾಕ್ಷ್ಯ ಎರಡು ಬಗೆಯದು ಬೇಕು. ಪಡಿತರ ಚೀಟಿ, ಮತದಾರರ ಚೀಟಿ ಎಂದರೆ ಎಲ್ಲರಿಗೂ ಗೊತ್ತು, ಆದರೆ ಲೈನ್ ಮನೆಯವರ ಚೀಟಿಯಲ್ಲಿ ತೋಟದ ವಿಳಾಸವಿರುತ್ತದೆ. ಅದನ್ನೇ ನೆಚ್ಚಿಕೊಂಡರೆ ಕೈಕೊಡುತ್ತದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಸಾಕ್ಷ್ಯವೇ. ವಂಶವೃಕ್ಷ, ಮಟ್ಟ ಮಾಡಿದ ನೆಲ, ಕಟ್ಟಿದ ಬದು, ಹಳೆಯ ಮನೆಯ ಅಡಿಪಾಯ ಎಲ್ಲವೂ ಆಗುತ್ತವೆ. ಸಮುದಾಯ ಹಕ್ಕಿಗಾದರೆ ಸಮಾಧಿ, ದೇವರ ಮರ, ಗೆಡ್ಡೆ ಗೆಣಸು ಅಗೆಯುವ ಜಾಗ. ಹೇಳಿಕೆ ಬರೆಯುವಾಗ ‘ತಲೆತಲಾಂತರದಿಂದ ಇದ್ದಾರೆ’ ಎಂಬ ಸಿದ್ಧ ವಾಕ್ಯ ಬೇಡ. ಯಾವ ಹೊಳೆಯ ಯಾವ ದಂಡೆ, ಎಷ್ಟು ಗುಡಿಸಲು, ಯಾರ ಸಮಾಧಿ ಎಲ್ಲಿ ಎಂದು ಬರೆಯಬೇಕು. 40 ಅರ್ಜಿಗೂ ಒಂದೇ ಹೇಳಿಕೆಯನ್ನು ನಕಲು ಮಾಡಿದರೆ ಓದುವವನಿಗೆ ಮೊದಲ ನೋಟಕ್ಕೇ ತಿಳಿಯುತ್ತದೆ. ಇನ್ನೊಂದು ಮಾತು: ಹಿಂದೆ ಅರಣ್ಯ ಇಲಾಖೆ ಹಾಕಿದ ದಂಡದ ರಸೀದಿ, ಒತ್ತುವರಿದಾರರ ಪಟ್ಟಿಯಲ್ಲಿನ ಹೆಸರು ಇವನ್ನು ಜನ ಹೆದರಿ ಬಚ್ಚಿಡುತ್ತಾರೆ. ಅಂಥ ಕಾಗದವೊಂದನ್ನೇ ಆಧಾರ ಮಾಡಿಕೊಂಡು ಅರ್ಜಿ ತಿರಸ್ಕರಿಸುವಂತಿಲ್ಲ. ಬದಲಿಗೆ 2005ಕ್ಕೆ ಹಿಂದಿನ ರಸೀದಿ ‘ಇವರು ಅಂದು ಅಲ್ಲಿದ್ದರು’ ಎಂದು ಸರ್ಕಾರವೇ ಬರೆದುಕೊಟ್ಟ ಪತ್ರ.

ಸ್ಥಳ ತನಿಖೆಗೆ ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ಮಳೆಯಲ್ಲಿ ಬದುವೂ ಕಾಣದು, ಸರ್ವೆಯರೂ ಬಾರರು. ಅರಣ್ಯ ಹಕ್ಕು ಸಮಿತಿ ಅರ್ಜಿದಾರರಿಗೂ ಅರಣ್ಯ ಇಲಾಖೆಗೂ ಮುಂಚಿತವಾಗಿ ತಿಳಿಸಬೇಕು. ಅರಣ್ಯ ಮತ್ತು ಕಂದಾಯ ಅಧಿಕಾರಿಗಳು ಸ್ಥಳದಲ್ಲಿದ್ದು ಹುದ್ದೆ, ದಿನಾಂಕದೊಂದಿಗೆ ಸಹಿ ಮಾಡಬೇಕು. ಅವರು ಬಾರದೆ, ಆಮೇಲೆ ‘ನಾವಿರಲಿಲ್ಲ’ ಎಂದು ತಕರಾರು ತೆಗೆದರೆ ಮರುಪರಿಶೀಲನೆಗೆ ಬರುತ್ತದೆ. ಎರಡನೇ ಸಲವೂ ಬಾರದಿದ್ದರೆ ತನಿಖೆಯ ಬಗ್ಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಇಷ್ಟು ಬಲವಾದ ನಿಯಮ ಉಪಯೋಗಕ್ಕೆ ಬರಬೇಕಾದರೆ ನೋಟಿಸು ತಲುಪಿದ್ದಕ್ಕೆ ಪುರಾವೆ ಬೇಕು. ಫೋನಿನಲ್ಲಿ ಹೇಳಿದ್ದು, ಗಾರ್ಡ್ ಹತ್ತಿರ ಹೇಳಿ ಕಳುಹಿಸಿದ್ದು ಪುರಾವೆಯಾಗದು. ವಲಯ ಕಚೇರಿಯ ಟಪಾಲಿನಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡ ನಕಲು ಬೇಕು.

ಅಳತೆಯಲ್ಲಿ ಜಿಪಿಎಸ್ ಮೇಲೆ ಅತಿನಂಬಿಕೆ ಇದೆ. ದಟ್ಟ ಮರದ ನೆರಳಲ್ಲಿ ಕೈ ಯಂತ್ರ ಐದು ಮೀಟರ್ ಆಚೀಚೆ ತೋರಿಸುವುದು ದೊಡ್ಡ ಮಾತಲ್ಲ. ಎರಡು ಎಕರೆಗೆ ಅದು ನಡೆಯುತ್ತದೆ. ಹತ್ತು ಸೆಂಟಿಗೆ? ಅದು ಹೆಚ್ಚುಕಡಿಮೆ 20 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗ. ಉದ್ದ, ಅಗಲ ಎರಡರಲ್ಲೂ ಐದೈದು ಮೀಟರ್ ಕಡಿಮೆಯಾದರೆ ಉಳಿಯುವುದು ಐದೂವರೆ ಸೆಂಟು. ಚಿಕ್ಕ ಜಾಗವನ್ನು ಟೇಪಿನಲ್ಲೂ ಅಳೆದು, ಎರಡೂ ಅಳತೆಯನ್ನು ಮಹಜರಿನಲ್ಲಿ ಬರೆಯಬೇಕು. ಉಪಗ್ರಹ ಚಿತ್ರವೂ ಪೂರಕ ಸಾಕ್ಷ್ಯವೇ ಹೊರತು ಉಳಿದ ಸಾಕ್ಷ್ಯದ ಬದಲಿಯಲ್ಲ. ಕೊಂಬೆಗಳ ಕೆಳಗಿನ ಗುಡಿಸಲು ಆಕಾಶಕ್ಕೆ ಕಾಣುವುದಿಲ್ಲ. ಅಂದಹಾಗೆ ನಾಲ್ಕು ಹೆಕ್ಟೇರ್, ಅಂದರೆ 9 ಎಕರೆ 88 ಸೆಂಟು, ಗರಿಷ್ಠ ಮಿತಿ. ಅದು ಎಲ್ಲರಿಗೂ ಹಂಚುವ ಪಾಲಲ್ಲ; ಸ್ವಾಧೀನದಲ್ಲಿದ್ದಷ್ಟೇ ಸಿಗುವುದು.

ಕಡತ ಮೇಲೆ ಹೋದಾಗ ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳಲ್ಲಿ ಅಧಿಕಾರಿಗಳ ಜೊತೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ತಲಾ ಮೂವರು ಸದಸ್ಯರಿರಬೇಕು. ಆ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕುರ್ಚಿಗಳು ಖಾಲಿ ಉಳಿದವು. ಜನರ ಕಡೆಯ ದನಿ ಇಲ್ಲದ ಸಮಿತಿ ಅರ್ಜಿ ತಿರಸ್ಕರಿಸಿದರೆ, ಸಮಿತಿಯ ರಚನೆಯನ್ನೇ ಪ್ರಶ್ನಿಸುವ ಅವಕಾಶ ಅಲ್ಲಿದೆ. ವಕೀಲರು ಇದನ್ನು ಬಳಸುವುದು ಕಡಿಮೆ.

ಹಕ್ಕುಪತ್ರ ಕೈಗೆ ಬಂದರೂ ಕೆಲಸ ಮುಗಿಯದು. ಅಂತಿಮ ನಕ್ಷೆ ಮಾಡಿ ಕಂದಾಯ ಮತ್ತು ಅರಣ್ಯ ದಾಖಲೆಗಳಲ್ಲಿ ಹಕ್ಕನ್ನು ಸೇರಿಸಲು ನಿಯಮ ಕೊಡುವ ಗರಿಷ್ಠ ಅವಧಿ ಮೂರು ತಿಂಗಳು. ನಕ್ಷೆಯಿಲ್ಲದ, ಗಡಿ ಗುರುತಿಲ್ಲದ ಹಕ್ಕುಪತ್ರ ಗೋಡೆಗೆ ತೂಗುಹಾಕಲು ಚೆನ್ನ. ಆನೆ ತಡೆಯುವ ಕಂದಕ ತೋಡುವಾಗ ತಮ್ಮ ಜಾಗ ಅದರ ಯಾವ ಕಡೆ ಬರುತ್ತದೆ ಎಂದು ತೋರಿಸಲಾಗದು. ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಮಾರಲು ಬರುವುದಿಲ್ಲ, ಮಕ್ಕಳಿಗೆ ಬರುತ್ತದೆ.

ತಪ್ಪು ಮಾಡಿದ ಅಧಿಕಾರಿಗೆ ಏನು? ಈ ಕಾಯ್ದೆಯಲ್ಲಿ ದಂಡ ಹೆಚ್ಚೆಂದರೆ ₹1,000. ಅದಕ್ಕೂ ಮೊದಲು ರಾಜ್ಯ ಮಟ್ಟದ ಮೇಲ್ವಿಚಾರಣಾ ಸಮಿತಿಗೆ 60 ದಿನದ ನೋಟಿಸು ಕೊಟ್ಟು ಕಾಯಬೇಕು. ಹಲ್ಲಿಲ್ಲದ ಹುಲಿ. ಆದರೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಪರಿಶಿಷ್ಟ ಪಂಗಡದವರ ಅರಣ್ಯ ಹಕ್ಕಿನ ಅನುಭೋಗಕ್ಕೆ ಅಡ್ಡಿಪಡಿಸುವುದೂ ಅಪರಾಧ: ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಹಕ್ಕು ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸುವಂತಿಲ್ಲ ಎಂಬ ಸೆಕ್ಷನ್ 4(5) ಜೊತೆ ಇದನ್ನು ಇಟ್ಟು ಓದಬೇಕು.

ಒಂದು ಸಾಲಿನ ಹಿಂಬರಹ ಬಂದವರು ಮೊದಲು ಅದು ಕೈಗೆ ಬಂದ ದಿನಾಂಕವನ್ನು ಅದರ ಹಿಂಬದಿಯಲ್ಲೇ ಬರೆದಿಡಬೇಕು. ಗ್ರಾಮಸಭೆ ತಿರಸ್ಕರಿಸಿದ್ದರೆ ಉಪವಿಭಾಗ ಸಮಿತಿಗೆ, ಉಪವಿಭಾಗ ಸಮಿತಿಯ ಶಿಫಾರಸಾದರೆ ಜಿಲ್ಲಾ ಸಮಿತಿಗೆ 60 ದಿನದೊಳಗೆ ಮೇಲ್ಮನವಿ. ಕಾರಣ ಕೊಟ್ಟರೆ ಇನ್ನೂ 30 ದಿನ ಸಿಗಬಹುದು. ಅದೇ ವಾರ ಮಾಹಿತಿ ಹಕ್ಕಿನಲ್ಲಿ ಸಮಿತಿಯ ನಡಾವಳಿ, ಸ್ಥಳ ಮಹಜರು, ಗ್ರಾಮಸಭೆಯ ಹಾಜರಾತಿ ಪುಟಗಳ ದೃಢೀಕೃತ ನಕಲು ಕೇಳಿ. ಉತ್ತರಕ್ಕೆ 30 ದಿನ ಹಿಡಿಯುತ್ತದೆ, ಉಳಿದ 30ರಲ್ಲಿ ಮೇಲ್ಮನವಿ ಬರೆಯಬೇಕು. ತಿರಸ್ಕಾರವನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕೆಂಬುದು ನಿಯಮ. ಕಾಗದವೇ ಬಾರದವರು ‘ನನಗೆ ಇನ್ನೂ ತಿಳಿಸಿಲ್ಲ’ ಎಂಬುದನ್ನೇ ಮನವಿಯ ಮೊದಲ ಆಧಾರವಾಗಿ ಬರೆಯಬಹುದು.