ಪೆನ್‌ಡ್ರೈವ್‌ನಿಂದ ಅಳಿಸಿದ ಫೈಲ್ ರೀಸೈಕಲ್ ಬಿನ್‌ನಲ್ಲೂ ಇಲ್ಲ, ವಾಪಸ್ ಸಿಗುತ್ತಾ?

ಓದುಗರ ಪ್ರಶ್ನೆ: ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಲೆಕ್ಕ ಬರೆಯುವ ಕೆಲಸ ನನ್ನದು. ಯಾವ ರೈತರಿಂದ ಎಷ್ಟು ಬಾಕ್ಸ್ ಬಂತು, ಏನು ರೇಟಿಗೆ ಹೋಯ್ತು, ಯಾರಿಗೆ ಎಷ್ಟು ಬಾಕಿ ಎಲ್ಲವೂ ಒಂದೇ ಎಕ್ಸೆಲ್ ಫೈಲಿನಲ್ಲಿತ್ತು. ಆ ಫೈಲ್ ಪೆನ್‌ಡ್ರೈವ್‌ನಲ್ಲಿತ್ತು. ಜಾಗ ಸಾಲ್ತಿಲ್ಲ ಅಂತ ಹಳೇದನ್ನೆಲ್ಲ ಅಳಿಸುವಾಗ ಇದೂ ಹೋಗಿದೆ. ರೀಸೈಕಲ್ ಬಿನ್ ತೆಗೆದು ನೋಡಿದರೆ ಖಾಲಿ. ಮಾಲೀಕರಿಗೆ ಇನ್ನೂ ಹೇಳಿಲ್ಲ. ಫೈಲ್ ವಾಪಸ್ ಸಿಗುತ್ತಾ? ನನಗೆ ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲ, ಬಿಡಿಸಿ ಹೇಳಿ.

ಉತ್ತರ: ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಮೊದಲು ಒಂದು ಕೆಲಸ ಮಾಡಿ. ಆ ಪೆನ್‌ಡ್ರೈವ್ ಇನ್ನೂ ಕಂಪ್ಯೂಟರಿನಲ್ಲೇ ಇದ್ದರೆ ಈಗಲೇ ತೆಗೆದು ಜೇಬಿಗೆ ಹಾಕಿಕೊಳ್ಳಿ. ಹೊಸ ಫೈಲ್ ಹಾಕಬೇಡಿ, ಅದರಲ್ಲಿರುವ ಬೇರೆ ಫೈಲ್ ತೆಗೆದು ಸೇವ್ ಮಾಡಬೇಡಿ, ಯಾರಾದರೂ ಹಾಡು ತುಂಬಿಕೊಡಿ ಅಂದರೆ ಕೊಡಬೇಡಿ. ನಿಮ್ಮ ಲೆಕ್ಕ ಉಳಿಯುವುದೂ ಹೋಗುವುದೂ ಇದರ ಮೇಲೆ ನಿಂತಿದೆ.

ಯಾಕೆ ಅಂತ ಹೇಳುತ್ತೇನೆ. ಡಿಲೀಟ್ ಒತ್ತಿದ ತಕ್ಷಣ ಫೈಲಿನ ಒಳಗಿನ ಮಾಹಿತಿ ಅಳಿಸಿ ಹೋಗುವುದಿಲ್ಲ. ನಿಮ್ಮ ಮಂಡಿಯಲ್ಲೇ ನೋಡಿ. ಸಾಲಾಗಿ ಬಾಕ್ಸ್ ಜೋಡಿಸಿ, ಮೇಲೆ ರೈತರ ಹೆಸರಿನ ಚೀಟಿ ಇಟ್ಟಿರುತ್ತೀರಿ. ಆ ಚೀಟಿ ಮಾತ್ರ ಕಿತ್ತು ಹಾಕಿದರೆ ಮಾಲು ಎಲ್ಲೂ ಹೋಗಿರುವುದಿಲ್ಲ, ಯಾರದ್ದು ಅಂತ ಗುರುತು ಹೋಗಿರುತ್ತದೆ ಅಷ್ಟೆ. ಇನ್ನೊಂದು ಲೋಡ್ ಬಂದು ಅದೇ ಜಾಗದಲ್ಲಿ ಇಳಿಸಿದಾಗ ಹಳೇ ಮಾಲಿಗೆ ಜಾಗ ಇರುವುದಿಲ್ಲ. ಡಿಸ್ಕ್ ಮಾಡುವುದೂ ಅದನ್ನೇ. ಫೈಲ್ ಎಲ್ಲಿದೆ ಎಂಬ ಪಟ್ಟಿಯಲ್ಲಿ 'ಈ ಜಾಗ ಖಾಲಿ' ಅಂತ ಬರೆದುಕೊಳ್ಳುತ್ತದೆ. ಹೊಸದೇನೋ ಬಂದು ಆ ಜಾಗದ ಮೇಲೆ ಕೂತ ಮೇಲಷ್ಟೇ ಹಳೆಯದು ನಿಜವಾಗಿ ಹೋಗುವುದು.

ಇನ್ನು ರೀಸೈಕಲ್ ಬಿನ್ ಯಾಕೆ ಖಾಲಿ? 1995ರಲ್ಲಿ ವಿಂಡೋಸ್ 95 ಜೊತೆ ಬಂದ ಈ ಬುಟ್ಟಿ ಕಂಪ್ಯೂಟರಿನ ಒಳಗಿನ ಡಿಸ್ಕ್‌ಗಳಿಗೆ ಕೆಲಸ ಮಾಡುತ್ತದೆ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ನೆಟ್‌ವರ್ಕ್ ಫೋಲ್ಡರ್‌ಗಳಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಬರುವುದೇ ಇಲ್ಲ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ್ದೂ ಬರುವುದಿಲ್ಲ. ಪೆನ್‌ಡ್ರೈವ್‌ನಿಂದ ಅಳಿಸುವಾಗ 'ಶಾಶ್ವತವಾಗಿ ಅಳಿಸಲೇ' ಅಂತ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬರುತ್ತದಲ್ವಾ, ಪರ್ಮನೆಂಟ್ಲಿ ಅನ್ನುವ ಪದ ಇರುವುದು? ಆ ಪದ ಕಂಡರೆ ಇದು ಬುಟ್ಟಿಗೆ ಬೀಳುವುದಿಲ್ಲ ಅಂತ ಅರ್ಥ. ನಾವೆಲ್ಲ ಓದದೇ ಯಸ್ ಒತ್ತುತ್ತೇವೆ. ಇನ್ನು ಮುಂದೆ ಆ ಪೆಟ್ಟಿಗೆ ಬಂದಾಗ ಒಂದು ಉಸಿರು ನಿಲ್ಲಿಸಿ ಓದಿ.

ಸಾಫ್ಟ್‌ವೇರ್ ಹುಡುಕುವ ಮೊದಲು ಬೇರೆ ಕಡೆ ಪ್ರತಿ ಇದೆಯಾ ನೋಡಿ. ಎಷ್ಟೋ ಸಲ ಫೈಲ್ ಸಿಗುವುದು ಇಲ್ಲೇ. ಆ ಲೆಕ್ಕವನ್ನು ಮಾಲೀಕರಿಗೋ ಆಡಿಟರ್‌ಗೋ ವಾಟ್ಸಾಪ್‌ನಲ್ಲಿ ಕಳಿಸಿದ್ದಿರಾ? ಅವರ ಫೋನಿನಲ್ಲಿ ಡಾಕ್ಯುಮೆಂಟ್ ಹಾಗೇ ಇರಬಹುದು. ಜಿಮೇಲ್‌ನಲ್ಲಿ ಕಳಿಸಿದ್ದರೆ ಸೆಂಟ್ ಪೆಟ್ಟಿಗೆ ತೆಗೆಯಿರಿ. ಮೇಲ್ ಅಳಿಸಿದ್ದರೂ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ. ಗೂಗಲ್ ಡ್ರೈವ್‌ನ ಟ್ರ್ಯಾಶ್‌ಗೂ 30 ದಿನವೇ. ಯಾವಾಗಲಾದರೂ ಮಂಡಿಯ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡ ನೆನಪಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಸಿ ಡ್ರೈವ್ ತೆಗೆದು, ಹುಡುಕುವ ಜಾಗದಲ್ಲಿ ನಕ್ಷತ್ರದ ಗುರುತು, ಚುಕ್ಕಿ, ಆಮೇಲೆ ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ. ಕಂಪ್ಯೂಟರಿನಲ್ಲಿರುವ ಎಕ್ಸೆಲ್ ಫೈಲ್‌ಗಳೆಲ್ಲ ಸಾಲಾಗಿ ಬರುತ್ತವೆ. ತಾರೀಕಿನ ಪ್ರಕಾರ ಜೋಡಿಸಿಕೊಂಡರೆ ಹುಡುಕುವುದು ಸುಲಭ. ಇಲ್ಲೊಂದು ಕನ್ನಡದ ತೊಡಕು ಇದೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ ಹಾಗೆ ಇರುತ್ತದೆ. ಹಾಗಾಗಿ ರೈತರ ಹೆಸರನ್ನು ಈಗಿನ ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಆ ಫೈಲ್ ಸಿಗುವುದಿಲ್ಲ. ಇಲ್ಲ ಅಂದುಕೊಂಡು ಕೈ ಬಿಡಬೇಡಿ, ಫೈಲಿನ ಹೆಸರಿನಿಂದಲೋ ತಾರೀಕಿನಿಂದಲೋ ಹುಡುಕಿ.

ಇನ್ನೊಂದು ಅನುಮಾನವನ್ನೂ ಬಗೆಹರಿಸಿಕೊಳ್ಳಬೇಕು. ಫೈಲ್ ನಿಜವಾಗಿ ಡಿಲೀಟ್ ಆಗಿದೆಯಾ, ಅಥವಾ ಬಚ್ಚಿಟ್ಟುಕೊಂಡಿದೆಯಾ? ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್‌ಗಳಲ್ಲಿ ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ಕೊಡುತ್ತೇವೆ. ಅಲ್ಲಿಂದ ಶಾರ್ಟ್‌ಕಟ್ ವೈರಸ್ ಹತ್ತಿಕೊಳ್ಳುವುದು ತೀರಾ ಮಾಮೂಲು. ಆ ವೈರಸ್ ಫೈಲ್ ಅಳಿಸುವುದಿಲ್ಲ. ಮರೆ ಮಾಡುತ್ತದೆ, ಅವುಗಳ ಜಾಗದಲ್ಲಿ ಶಾರ್ಟ್‌ಕಟ್ ಇಡುತ್ತದೆ. ಪರೀಕ್ಷೆ ಸುಲಭ. ಪೆನ್‌ಡ್ರೈವ್ ಮೇಲೆ ಮೌಸ್‌ನ ಬಲ ಬಟನ್ ಒತ್ತಿ ಪ್ರಾಪರ್ಟೀಸ್ ನೋಡಿ. ತೆರೆದರೆ ಏನೂ ಕಾಣುತ್ತಿಲ್ಲ, ಆದರೆ ಅಷ್ಟು ಜಿಬಿ ಬಳಕೆಯಾಗಿದೆ ಅಂತ ತೋರಿಸುತ್ತಿದ್ದರೆ ಫೈಲ್‌ಗಳು ಒಳಗೇ ಇವೆ. ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ, ಅದೇ ವೈರಸ್ಸಿನ ಬಾಗಿಲು. ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ಆಗಲೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎಂಬುದರ ಟಿಕ್ ತೆಗೆಯಿರಿ. ಕೆಲವೊಮ್ಮೆ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣುತ್ತದೆ, ಅದರೊಳಗೆ ನಿಮ್ಮದೆಲ್ಲ ಇರುತ್ತದೆ. ಫೈಲ್‌ಗಳನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ. ಆಮೇಲೆ ಆ ಟಿಕ್ ಮತ್ತೆ ಹಾಕಿಬಿಡಿ.

ನೀವೇ ಅಳಿಸಿದ ನೆನಪು ಖಚಿತವಾಗಿದೆ ಅಂದರೆ ರಿಕವರಿ ಸಾಫ್ಟ್‌ವೇರ್ ಬೇಕು. ಹೊಸಬರಿಗೆ ನಾನು ಹೇಳುವುದು ರೆಕುವಾ. ಅದರ ಉಚಿತ ಆವೃತ್ತಿ ನಿಮ್ಮ ಕೆಲಸಕ್ಕೆ ಸಾಕು. ಮೈಕ್ರೋಸಾಫ್ಟ್ 2020ರಲ್ಲಿ ವಿಂಡೋಸ್ ಫೈಲ್ ರಿಕವರಿ ಅಂತ ಒಂದನ್ನು ಉಚಿತವಾಗಿ ಕೊಟ್ಟಿದೆ. ಒಳ್ಳೆಯದೇ, ಆದರೆ ಕಮಾಂಡ್ ಟೈಪ್ ಮಾಡಬೇಕು, ಒಂದು ಅಕ್ಷರ ತಪ್ಪಿದರೂ ನಡೆಯುವುದಿಲ್ಲ. ಫೋಟೊರೆಕ್ ಎಂಬುದು ತುಂಬಾ ಆಳವಾಗಿ ಹುಡುಕುತ್ತದೆ, ಆದರೆ ಫೈಲಿನ ಮೂಲ ಹೆಸರು ಉಳಿಯುವುದಿಲ್ಲ. ಬೇರೆ ದಾರಿ ಇಲ್ಲದಾಗ ಅದನ್ನು ಬಳಸಿ. ಯಾವುದೇ ಆಗಲಿ ಅದರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ದುಡ್ಡಿನ ಸಾಫ್ಟ್‌ವೇರನ್ನು ಕ್ರ್ಯಾಕ್ ಮಾಡಿ ಬಿಟ್ಟಿಯಾಗಿ ಹಂಚುವವರ ಹತ್ತಿರ ಹೋಗಬೇಡಿ. ಲೆಕ್ಕದ ಜೊತೆ ಬ್ಯಾಂಕ್ ಪಾಸ್‌ವರ್ಡೂ ಹೋಗುವ ಅಪಾಯ ಅಲ್ಲಿದೆ.

ರೆಕುವಾವನ್ನು ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿ, ಪೆನ್‌ಡ್ರೈವ್ ಒಳಗೆ ಅಲ್ಲ. ಆಮೇಲೆ ಪೆನ್‌ಡ್ರೈವ್ ಚುಚ್ಚಿ. ಆಗ 'ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು' ಅಂತಲೋ 'ಸ್ಕ್ಯಾನ್ ಮಾಡಿ ಸರಿಪಡಿಸಲಾ' ಅಂತಲೋ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಸರಿಪಡಿಸುವ ನೆಪದಲ್ಲಿ ಅದು ಪೆನ್‌ಡ್ರೈವ್ ಮೇಲೆ ಹೊಸದಾಗಿ ಬರೆಯುತ್ತದೆ. ರೆಕುವಾದಲ್ಲಿ ಪೆನ್‌ಡ್ರೈವ್‌ನ ಅಕ್ಷರ (ಸಿ ಡ್ರೈವ್ ಅನ್ನುವ ಹಾಗೆ ವಿಂಡೋಸ್ ಅದಕ್ಕೆ ಕೊಟ್ಟ ಇಂಗ್ಲಿಷ್ ಅಕ್ಷರ) ಆರಿಸಿ ಸ್ಕ್ಯಾನ್ ಕೊಡಿ. ಸಿಕ್ಕ ಫೈಲ್‌ಗಳ ಪಕ್ಕ ಬಣ್ಣದ ಚುಕ್ಕೆ ಇರುತ್ತದೆ. ಹಸಿರು ಇದ್ದರೆ ಪೂರ್ತಿ ಸಿಗುವ ಭರವಸೆ ಜಾಸ್ತಿ, ಕಿತ್ತಳೆ ಇದ್ದರೆ ಅರ್ಧಂಬರ್ಧ, ಕೆಂಪಾದರೆ ಮೇಲೆ ಬೇರೆ ಏನೋ ಬರೆದಾಗಿದೆ. ಫೈಲಿನ ಹೆಸರಿನ ಮೊದಲ ಅಕ್ಷರ ಮಾಯವಾಗಿರಬಹುದು. ಎಫ್‌ಎಟಿ 32 ಮಾದರಿಯ ಪೆನ್‌ಡ್ರೈವ್‌ಗಳಲ್ಲಿ ಡಿಲೀಟ್ ಆದ ಗುರುತನ್ನು ಹೆಸರಿನ ಮೊದಲ ಅಕ್ಷರದ ಮೇಲೇ ಹಾಕುವುದರಿಂದ ಹೀಗಾಗುತ್ತದೆ. ಗಾಬರಿ ಬೇಡ. ಸುಮ್ನೆ ನೋಡಿದಾಗ ಸಿಗದಿದ್ದರೆ ಡೀಪ್ ಸ್ಕ್ಯಾನ್ ಕೊಟ್ಟು ಕಾಯಿರಿ. ಹೊತ್ತು ಹಿಡಿಯುತ್ತದೆ.

ಎಕ್ಸೆಲ್ ವಿಷಯದಲ್ಲಿ ಒಂದು ಅನುಕೂಲ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. ನೀವು ಸೇವ್ ಒತ್ತಿದಾಗಲೆಲ್ಲ ಎಕ್ಸೆಲ್ ಹಳೇ ಫೈಲಿನ ಮೇಲೆ ನೇರವಾಗಿ ತಿದ್ದುವುದಿಲ್ಲ. ಪಕ್ಕದಲ್ಲೇ ಒಂದು ತಾತ್ಕಾಲಿಕ ಫೈಲ್ ಬರೆದು, ಅದಕ್ಕೆ ನಿಮ್ಮ ಫೈಲಿನ ಹೆಸರು ಕೊಟ್ಟು, ಹಳೆಯದನ್ನು ಅಳಿಸುತ್ತದೆ. ಅಂದರೆ ದಿನಾ ಸೇವ್ ಮಾಡುತ್ತಾ ಬಂದ ಪೆನ್‌ಡ್ರೈವ್‌ನಲ್ಲಿ ಮೊನ್ನೆಯ ಲೆಕ್ಕ, ಹೋದ ವಾರದ ಲೆಕ್ಕ ಕೂಡ ಅಳಿಸಿದ ಫೈಲ್‌ಗಳಾಗಿ ಉಳಿದಿರಬಹುದು. ಅಂಕಿ ಅಕ್ಷರ ಬೆರೆತ ಅರ್ಥವಿಲ್ಲದ ಹೆಸರು, ಕೊನೆಗೆ ಟಿಎಂಪಿ ಅಂತ ಇದ್ದರೆ ಕಸ ಅಂತ ಬಿಡಬೇಡಿ. ಅವನ್ನೂ ಹೊರತೆಗೆದು, ಪ್ರತಿ ಮಾಡಿಕೊಂಡು, ಕೊನೆಯ ಅಕ್ಷರಗಳನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಅಂತ ಬದಲಿಸಿ ತೆರೆದು ನೋಡಿ. ಫೈಲ್ ಹಾಳಾಗಿದೆ ಅಂತ ಎಕ್ಸೆಲ್ ಹೇಳಿದರೆ, ಓಪನ್ ಪೆಟ್ಟಿಗೆಯಲ್ಲಿ ಓಪನ್ ಬಟನ್ ಪಕ್ಕದ ಸಣ್ಣ ಬಾಣ ಒತ್ತಿ, ಓಪನ್ ಅಂಡ್ ರಿಪೇರ್ ಆರಿಸಿ. ಸೂತ್ರಗಳು ಹೋದರೂ ಅಂಕಿಗಳು ಸಿಕ್ಕರೆ ನಿಮಗೆ ಅಷ್ಟೇ ಸಾಕಲ್ವಾ?

ಸಿಕ್ಕಿದ್ದನ್ನು ಕಂಪ್ಯೂಟರಿನ ಡಿಸ್ಕ್‌ಗೆ ಉಳಿಸಿ. ಅದೇ ಪೆನ್‌ಡ್ರೈವ್‌ಗೆ ಮತ್ತೆ ಉಳಿಸಿದರೆ, ಒಂದು ಫೈಲ್ ತೆಗೆಯಲು ಹೋಗಿ ಇನ್ನೂ ಸಿಗಬೇಕಾದ ಹತ್ತು ಫೈಲ್‌ಗಳ ಮೇಲೆ ಬರೆದ ಹಾಗಾಗುತ್ತದೆ.

ಇಷ್ಟೆಲ್ಲ ಪೆನ್‌ಡ್ರೈವ್ ಕಥೆ. ಇದೇ ಪ್ರಶ್ನೆಯನ್ನು ಕಂಪ್ಯೂಟರಿನ ಒಳಗಿನ ಡಿಸ್ಕ್ ಬಗ್ಗೆ ಕೇಳುವವರೂ ಇದ್ದಾರೆ. ಅವರಿಗೆ ಮೊದಲ ಮಾತು: ಅಳಿಸಿ ಈಗಷ್ಟೇ ಆಗಿದ್ದರೆ ಅದೇ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಝಡ್ ಒತ್ತಿ, ಬುಟ್ಟಿಗೆ ಹೋಗಿದ್ದ ಫೈಲ್ ಹಾಗೇ ವಾಪಸ್ ಬರುತ್ತದೆ. ಬುಟ್ಟಿ ತೆಗೆದು ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ರಿಸ್ಟೋರ್ ಒತ್ತಿದರೆ ಮೊದಲಿದ್ದ ಜಾಗಕ್ಕೇ ಹೋಗುತ್ತದೆ. ಬುಟ್ಟಿಗೂ ಒಂದು ಮಿತಿ ಇದೆ. ತುಂಬಿದರೆ ಹಳೆಯದು ತಾನಾಗಿ ಹೊರಹೋಗುತ್ತದೆ. ಡಿಸ್ಕ್‌ನಲ್ಲಿ ಬೇಡದ್ದನ್ನು ತಾನಾಗಿ ತೆಗೆದು ಜಾಗ ಮಾಡುವ ಸ್ಟೋರೇಜ್ ಸೆನ್ಸ್ ಎಂಬ ವಿಂಡೋಸ್ ಸೌಲಭ್ಯ ಆನ್ ಆಗಿದ್ದರೆ, ಬದಲಿಸದಿದ್ದಲ್ಲಿ, 30 ದಿನ ದಾಟಿದ್ದನ್ನು ವಿಂಡೋಸೇ ಎತ್ತಿ ಹಾಕುತ್ತದೆ. ರೀಸೈಕಲ್ ಬಿನ್ನನ್ನೇ ಬೀರು ಮಾಡಿಕೊಂಡು ಅದರಲ್ಲಿ ಫೈಲ್ ಕಾಪಾಡುವವರು ಈಗಲೇ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನೋಡಿಕೊಳ್ಳಿ.

ಬುಟ್ಟಿಯಿಂದಲೂ ಹೋದ ಮೇಲೆ, ಕಂಪ್ಯೂಟರಿನಲ್ಲಿ ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಇದೆಯಾ, ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿ ಇದೆಯಾ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ನೋಡಿದರೆ ಈಗಿನ ವಿಂಡೋಸ್‌ನಲ್ಲಿ ಯಾವುದು ಅಂತ ಬರೆದಿರುತ್ತದೆ. ಹಾರ್ಡ್ ಡಿಸ್ಕ್ ಆದರೆ ಪೆನ್‌ಡ್ರೈವ್‌ಗೆ ಹೇಳಿದ್ದೇ ಇಲ್ಲಿಗೂ ಸಲ್ಲುತ್ತದೆ. ಆದರೆ ವಿಂಡೋಸ್ ತನ್ನ ಪಾಡಿಗೆ ಸಿ ಡ್ರೈವ್‌ನಲ್ಲಿ ಏನಾದರೂ ಬರೆಯುತ್ತಲೇ ಇರುತ್ತದೆ. ಆದ್ದರಿಂದ ಕಂಪ್ಯೂಟರ್ ಆಫ್ ಮಾಡಿ. ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಹುಡುಕಬೇಕು. ಎಸ್‌ಎಸ್‌ಡಿ ಆದರೆ ಕಷ್ಟ. 2009ರ ವಿಂಡೋಸ್ 7ರಿಂದ ಟ್ರಿಮ್ ಎಂಬ ವ್ಯವಸ್ಥೆ ಇದೆ. ಫೈಲ್ ಅಳಿಸಿದ ಕೂಡಲೇ ಈ ಜಾಗ ಬೇಡ ಅಂತ ವಿಂಡೋಸ್ ಡಿಸ್ಕ್‌ಗೆ ಹೇಳುತ್ತದೆ, ಡಿಸ್ಕ್ ತನ್ನ ಬಿಡುವಿನಲ್ಲಿ ಅದನ್ನು ನಿಜಕ್ಕೂ ಖಾಲಿ ಮಾಡುತ್ತದೆ. ಆಮೇಲೆ ಯಾವ ಸಾಫ್ಟ್‌ವೇರಿಗೂ ಸಿಗುವುದಿಲ್ಲ. ಸರ್ವಿಸ್ ಅಂಗಡಿಯಲ್ಲಿ ಖಂಡಿತ ತೆಗೆದುಕೊಡುತ್ತೇವೆ ಅಂದರೆ, ಇದು ಎಸ್‌ಎಸ್‌ಡಿ, ಟ್ರಿಮ್ ಆನ್ ಇದೆ, ಆದರೂ ಆಗುತ್ತಾ ಅಂತ ಕೇಳಿ. ಆಗದಿದ್ದರೆ ದುಡ್ಡು ಎಷ್ಟು ಅಂತಲೂ ಮೊದಲೇ ಕೇಳಿ. ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಯಾವ ಸಾಫ್ಟ್‌ವೇರೂ ಓಡಿಸಬೇಡಿ, ಅದು ಲ್ಯಾಬಿನವರ ಕೆಲಸ.

ಟ್ಯಾಲಿ ಬಳಸುವ ಅಂಗಡಿಯವರಿಗೂ ಒಂದು ಮಾತು. ಟ್ಯಾಲಿಯೊಳಗೆ ಅಳಿಸಿದ ವೋಚರ್ ರೀಸೈಕಲ್ ಬಿನ್‌ಗೆ ಬರುವುದಿಲ್ಲ. ನಿಮ್ಮ ಇಡೀ ಕಂಪನಿಯ ಲೆಕ್ಕ ಡೇಟಾ ಫೋಲ್ಡರಿನಲ್ಲಿ ಬರೀ ಅಂಕಿಯ ಹೆಸರಿನ ಒಂದು ಫೋಲ್ಡರ್ ಆಗಿ ಕೂತಿರುತ್ತದೆ. ಏನೋ ಬೇಡದ್ದು ಅಂತ ಅದನ್ನು ಅಳಿಸಬೇಡಿ.

ನಿಮ್ಮ ಮಾಲೀಕರಿಗೆ ಇವತ್ತೇ ಹೇಳಿ. ತಡ ಮಾಡಿದಷ್ಟೂ ಯಾರೋ ಒಬ್ಬರು ಆ ಪೆನ್‌ಡ್ರೈವ್ ಬಳಸುವ ಸಾಧ್ಯತೆ ಹೆಚ್ಚು. ವಾಟ್ಸಾಪ್‌ನಲ್ಲಿ ಬಂದ ಹಳೇ ಪ್ರತಿ ಅವರ ಫೋನಿನಲ್ಲೇ ಇರಬಹುದು. ತೂಕದ ಚೀಟಿ, ರೈತರ ಕೈಲಿರುವ ಪಟ್ಟಿ ಇವೆಲ್ಲ ಇರುವುದರಿಂದ ಕೆಲವು ದಿನದ ಲೆಕ್ಕ ಸಿಗದಿದ್ದರೂ ಮತ್ತೆ ಬರೆಯಬಹುದು. ಬಾಕಿ ಬರಬೇಕಾದ ರೈತರ ದುಡ್ಡಿನ ವಿಷಯ ಇದು. ಹಾಗಾಗಿ ಸಿಕ್ಕ ಫೈಲನ್ನು ಚೀಟಿಗಳ ಜೊತೆ ತಾಳೆ ನೋಡದೆ ಯಾರಿಗೂ ಹಣ ಬಟವಾಡೆ ಮಾಡಬೇಡಿ. ಇನ್ನು ಮುಂದೆ ಮೂಲ ಫೈಲ್ ಕಂಪ್ಯೂಟರಿನಲ್ಲಿರಲಿ, ಪೆನ್‌ಡ್ರೈವ್‌ನಲ್ಲಿ ಪ್ರತಿ ಇರಲಿ, ದಿನಾ ಸಂಜೆ ಹರಾಜಿನ ಲೆಕ್ಕ ಮುಗಿದ ಮೇಲೆ ಇನ್ನೊಂದು ಪ್ರತಿ ಗೂಗಲ್ ಡ್ರೈವ್‌ಗೆ ಹೋಗಲಿ. ಫೈಲಿನ ಹೆಸರಿನಲ್ಲೇ ತಾರೀಕು ಹಾಕಿ.

ಫೈಲ್ ಸಿಕ್ಕ ಮೇಲೆ ಆ ಪೆನ್‌ಡ್ರೈವ್ ಬೇರೆಯವರಿಗೆ ಕೊಡುವ ಯೋಚನೆ ಇದ್ದರೆ, ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ ಕೊಡಿ. ನೀವು ಲೆಕ್ಕ ವಾಪಸ್ ಪಡೆದ ದಾರಿಯಲ್ಲೇ ಅವರೂ ರೈತರ ಬ್ಯಾಂಕ್ ಖಾತೆ ನಂಬರ್ ತೆಗೆಯಬಹುದು. ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಪೂರ್ತಿ ಫಾರ್ಮ್ಯಾಟ್ ಎಲ್ಲ ಜಾಗದ ಮೇಲೂ ಸೊನ್ನೆ ಬರೆಯುತ್ತದೆ. ಹಳೇ ಕಂಪ್ಯೂಟರ್ ಮಾರುವಾಗ ರೀಸೆಟ್‌ನಲ್ಲಿ ರಿಮೂವ್ ಎವ್ರಿಥಿಂಗ್ ಆರಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ಕ್ಲೀನ್ ಡೇಟಾ ಕೂಡ ಆನ್ ಮಾಡಿ.